‘ಹಣೆಬರಹ’ ಅನ್ನುವವರ ಜೊತೆ ಮಾತು ಮುಂದುವರಿಸುವುದು ಹೇಗೆ?

ಕ್ಷೇತ್ರಕಾರ್ಯ (ಪ್ರಶ್ನೆ)

ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಕೊನೆಯ ವರ್ಷ, ಹಾವೇರಿ ಕಡೆಯ ಆಸ್ಪತ್ರೆಯೊಂದರಲ್ಲಿ ಕ್ಷೇತ್ರಕಾರ್ಯ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ನಲವತ್ತು ದಾಟಿದ ಹೆಂಗಸು, ಗಂಡ ತೀರಿಕೊಂಡು ಏಳೆಂಟು ತಿಂಗಳು. ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ. ಮನೋವೈದ್ಯರು ಖಿನ್ನತೆಗೆ ಮಾತ್ರೆ ಶುರುಮಾಡಿ ಆಪ್ತಸಮಾಲೋಚನೆಗೆ ಕಳಿಸಿದ್ದಾರೆ. ಏನು ಕೇಳಿದರೂ ‘ನನ್ನ ಹಣೆಬರಹರೀ, ಹಿಂದಿನ ಜನ್ಮದ ಪಾಪ, ಯಾರೇನ್ ಮಾಡಾಕ್ ಆಗತೈತಿ’ ಅನ್ನುತ್ತಾರೆ. ಪ್ರತಿ ವರ್ಷ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗುತ್ತಿದ್ದವರು ಈಗ ಮನೆಯಲ್ಲಿ ದೀಪ ಕೂಡ ಹಚ್ಚುತ್ತಿಲ್ಲ. ಕಳೆದ ಸೆಷನ್‌ನಲ್ಲಿ ‘ನೀವು ದೇವರನ್ನ ನಂಬ್ತೀರೇನ್ರಿ?’ ಎಂದು ಕೇಳಿದರು.

ಪಾಪ-ಕರ್ಮದ ಮಾತಿಗೆ ಎದುರಾಡಬೇಕೇ, ಬಿಡಬೇಕೇ? ‘ಎಲ್ಲಾ ಸರಿಹೋಗುತ್ತೆ’ ಅನ್ನಬಹುದೇ? ದೇವರ ಪ್ರಶ್ನೆಗೆ ಏನು ಉತ್ತರ? ಪಠ್ಯದಲ್ಲಿರುವುದು ಗೊತ್ತು, ಬಾಯಲ್ಲಿ ಆಡುವಂಥ ಮಾತು ಬೇಕು.

ಘಟಪ್ರಭಾ

ಎದುರಾಡಬೇಡಿ, ಹೂಂಗುಟ್ಟಲೂ ಬೇಡಿ. ‘ಹಾಂಗೇನೂ ಇಲ್ಲಕ್ಕಾ’ ಅಂದರೆ ಅವರಿಗೆ ಕೇಳಿಸುವುದು ‘ನಿಮಗೆ ತಿಳಿವಳಿಕೆ ಇಲ್ಲ’ ಎಂದು. ‘ಹೌದ್ರಿ, ಯಾರ ಕೈಯಾಗೂ ಇಲ್ಲ’ ಅಂದರೆ ಆ ಪಾಪದ ತೀರ್ಪಿಗೆ ನೀವೂ ರುಜು ಹಾಕಿದ ಹಾಗೆ.

ಹಣೆಬರಹ ಎಂಬ ಮಾತು ಎಲ್ಲರಿಗೂ ಒಂದೇ ಕೆಲಸ ಮಾಡುವುದಿಲ್ಲ. ‘ಇನ್ನೂ ಸ್ವಲ್ಪ ಬೇಗ ದವಾಖಾನೆಗೆ ಒಯ್ದಿದ್ದರೆ ಉಳೀತಿದ್ರೇನೋ’ ಎಂಬ ಕೊರೆತದಿಂದ ಒಬ್ಬರನ್ನು ಅದು ಬಿಡಿಸುತ್ತದೆ. ಇನ್ನೊಬ್ಬರಿಗೆ ಅದೇ ಶಿಕ್ಷೆ. ಆದ್ದರಿಂದ ನೇರವಾಗಿ ಕೇಳಿ: ‘ಹಣೆಬರಹ ಅಂತ ಅಂದ್ಕೊಂಡಾಗ ಮನಸ್ಸು ಹಗುರ ಆಗತೈತೋ, ಭಾರ ಆಗತೈತೋ ಅಕ್ಕಾ?’ ಅಮೆರಿಕದ ಮನಶ್ಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್ ಕಷ್ಟದಲ್ಲಿ ಧರ್ಮವನ್ನು ಹಿಡಿಯುವ ಬಗೆಯನ್ನು ಹೀಗೆಯೇ ಎರಡಾಗಿ ನೋಡಿದರು. ದೇವರು ಜೊತೆಗಿದ್ದಾನೆ ಎಂಬುದು ಒಂದು ಬಗೆ, ದೇವರು ಶಿಕ್ಷಿಸುತ್ತಿದ್ದಾನೆ ಅಥವಾ ಕೈಬಿಟ್ಟಿದ್ದಾನೆ ಎಂಬುದು ಇನ್ನೊಂದು. ಅವರ ಚಿಕ್ಕ ಪ್ರಶ್ನಾವಳಿಯಲ್ಲಿ 14 ಹೇಳಿಕೆಗಳಿವೆ, ಏಳು ಆ ಕಡೆ, ಏಳು ಈ ಕಡೆ. ಎರಡನೆಯ ಬಗೆ ಖಿನ್ನತೆಯ ಜೊತೆಜೊತೆಗೇ ಕಾಣಿಸಿಕೊಳ್ಳುವುದು ಹೆಚ್ಚು. ಹಾಗೆಂದು ಈ ತಾಯಿಯ ಮುಂದೆ ಫಾರ್ಮ್ ಹಿಡಿದು ಕೂರಬೇಡಿ, ಆ ಭೇದ ನಿಮ್ಮ ಕಿವಿಯಲ್ಲಿದ್ದರೆ ಸಾಕು.

ನೀವು ತಪ್ಪದೆ ವಿಚಾರಿಸಬೇಕಾದದ್ದು ಆ ದೀಪದ ಸಂಗತಿ. ಹಚ್ಚದಿರುವುದು ದೇವರ ಮೇಲಿನ ಮುನಿಸಿರಬಹುದು. ವರ್ಷ ತುಂಬುವ ತನಕ ಹಬ್ಬ-ದೇವಸ್ಥಾನ ಬೇಡವೆನ್ನುವ ಮನೆತನದ ಪದ್ಧತಿಯಿರಬಹುದು. ಹಾಸಿಗೆಯಿಂದ ಏಳಲಾಗದ ಖಿನ್ನತೆಯಿರಬಹುದು. ‘ನೀ ಇನ್ನು ಮುಂದ ಮುಟ್ಟಬ್ಯಾಡ’ ಎಂದು ಮನೆಯಲ್ಲಿ ಯಾರೋ ಅಂದಿರಲೂಬಹುದು. ಮುನಿಸಾದರೆ ಅದನ್ನು ಆಡಲು ಜಾಗ ಕೊಡಬೇಕು. ಪದ್ಧತಿಯಾದರೆ ಅದು ರೋಗಲಕ್ಷಣವೇ ಅಲ್ಲ, ಕೇಸ್ ಶೀಟ್‌ನಲ್ಲಿ ‘ಆಸಕ್ತಿ ಕುಂದಿದೆ’ ಎಂದು ಬರೆದುಬಿಡಬೇಡಿ. ಖಿನ್ನತೆಯಾದರೆ ಡಾಕ್ಟರಿಗೆ ತಿಳಿಸಿ. ಕೊನೆಯದಾದರೆ ಕೆಲಸ ಮನೆಯವರ ಜೊತೆಗೂ ಇದೆ.

ಗುಡ್ಡದ ಬಗ್ಗೆ ‘ನಿಮಗೆ ಭಕ್ತಿ ಇದೆಯಾ’ ಎಂದು ಕೇಳಿದರೆ ಹೌದು-ಇಲ್ಲದಲ್ಲಿ ಮುಗಿಯುತ್ತದೆ. ಯಾರ ಜೊತೆ ಹೋಗುತ್ತಿದ್ದಿರಿ, ಗಾಡಿ ಯಾರು ಗೊತ್ತು ಮಾಡುತ್ತಿದ್ದರು, ರೊಟ್ಟಿ ಬುತ್ತಿ ಯಾರ ಮನೆಯಲ್ಲಿ ಕಟ್ಟುತ್ತಿದ್ದಿರಿ, ಪಡ್ಡಲಗಿ (ದೇವಿಗೆ ಎಡೆ ಇಡುವ ಬುಟ್ಟಿ) ತುಂಬಿಸುವಾಗ ಪಕ್ಕದಲ್ಲಿ ಯಾರಿರುತ್ತಿದ್ದರು ಎಂದು ಕೇಳಿ. ನಾಲ್ಕೈದು ಹೆಸರು ತಾವಾಗಿ ಬರುತ್ತವೆ, ಅವನ್ನು ಬರೆದಿಟ್ಟುಕೊಳ್ಳಿ. ಅವರಲ್ಲಿ ಈಗಲೂ ಮನೆಗೆ ಬರುವವರು ಯಾರು ಎಂಬುದು ಮುಂದಿನ ಪ್ರಶ್ನೆ.

ಒಂದು ಎಚ್ಚರ. ಹೊಸ್ತಿಲ ಹುಣ್ಣಿಮೆಗೆ ಎಲ್ಲಮ್ಮನೇ ಗಂಡನನ್ನು ಕಳೆದುಕೊಳ್ಳುತ್ತಾಳೆ ಎಂಬ ನಂಬಿಕೆ ನಿಮಗೆ ಗೊತ್ತಿರುತ್ತದೆ. ‘ತಾಯಿಗೂ ಈ ದುಃಖ ಬಂದಿತ್ತಲ್ಲ’ ಎಂದು ಹೇಳಲು ಬಾಯಿ ತುದಿಗೆ ಬರುತ್ತದೆ, ನೀವಾಗಿ ಹೇಳಬೇಡಿ. ಎಲ್ಲಮ್ಮ ಭಾರತ ಹುಣ್ಣಿಮೆಗೆ ಮತ್ತೆ ಮುತ್ತೈದೆಯಾಗುತ್ತಾಳೆ, ಇವರು ಆಗುವುದಿಲ್ಲ. ಅವರೇ ತೆಗೆದರೆ ಮಾತ್ರ ಹಿಂದೆ ಹೋಗಿ.

ಮೂರನೇ ಕುರ್ಚಿ

ನಂಬಿಕೆಯ ಚರ್ಚೆಗೂ ಮೊದಲು ಒಂದು ಕೆಲಸ. ‘ಯಾರೇನ್ ಮಾಡಾಕ್ ಆಗತೈತಿ’ ಅನ್ನುವುದು ಹತಾಶೆಯ ಮಾತು, ಮತ್ತು ಹತಾಶೆಗೂ ಆತ್ಮಹತ್ಯೆಯ ಯೋಚನೆಗೂ ಹತ್ತಿರದ ನಂಟಿದೆ. ಅಮೆರಿಕದ ಮನೋವೈದ್ಯ ಆರನ್ ಬೆಕ್ 1974ರಲ್ಲಿ ಹತಾಶೆಯನ್ನು ಅಳೆಯಲೆಂದೇ 20 ಸರಿ-ತಪ್ಪು ಹೇಳಿಕೆಗಳ ಮಾಪನ ಮಾಡಿದ್ದು ಅದಕ್ಕೇ. ಸುತ್ತಿಬಳಸದೆ ಕೇಳಿ: ‘ಸತ್ತರ ಬೇಸಿತ್ತು ಅಂತ ಅನ್ನಿಸೇತೇನ್ರಿ? ಹ್ಯಾಂಗ ಅಂತ ಯೋಚನೆ ಮಾಡೀರೇನು?’ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ‘ಅಂಥದ್ದೇನೂ ಇಲ್ಲ ತಾನೇ?’ ಎಂದು ಕೇಳಿದರೆ ಮಾತ್ರ ‘ಇಲ್ಲರೀ’ ಎಂಬ ಉತ್ತರ ನೀವೇ ಕೊಟ್ಟುಕೊಂಡಂತೆ.

ಹೌದು ಅಂದರೆ ಅವತ್ತೇ ಡಾಕ್ಟರಿಗೆ ಮತ್ತು ಸೂಪರ್‌ವೈಸರಿಗೆ ತಿಳಿಸಿ. ಜೊತೆಗೆ ಸುರಕ್ಷತಾ ಯೋಜನೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಸ್ಟ್ಯಾನ್ಲಿ ಮತ್ತು ಬ್ರೌನ್ ರೂಪಿಸಿದ್ದರಲ್ಲಿ ಆರು ಹಂತ: ಅಪಾಯ ಹತ್ತಿರ ಬಂದಾಗಿನ ಲಕ್ಷಣ, ಒಬ್ಬರೇ ಮಾಡಿಕೊಳ್ಳಬಹುದಾದದ್ದು, ಮನಸ್ಸು ಬೇರೆಡೆ ಹೊರಳಿಸುವ ಜನ ಮತ್ತು ಜಾಗ, ಸಹಾಯ ಕೇಳಬಹುದಾದವರು, ವೈದ್ಯರು-ಸಹಾಯವಾಣಿ, ಕೊನೆಗೆ ಸುತ್ತಲಿನ ಅಪಾಯಕಾರಿ ವಸ್ತು ದೂರ ಮಾಡುವುದು. ಅವರ ಮಾತಿನಲ್ಲೇ ಒಂದು ಹಾಳೆಯಲ್ಲಿ ಬರೆಯಿರಿ. ಓದು ಬಾರದಿದ್ದರೆ ಮಗನೋ ಮಗಳೋ ಫೋನ್‌ನಲ್ಲಿ ಧ್ವನಿಮುದ್ರಿಸಿ ಕೊಡಲಿ. ಐದನೇ ಹಂತಕ್ಕೆ ಟೆಲಿ-ಮಾನಸ್ 14416 ಬರೆಯಿರಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸೇವೆ, ಹಗಲು-ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು.

ನಿಮ್ಮ ಕಡೆ ಆರನೇ ಹಂತ ಅಂದರೆ ಮುಖ್ಯವಾಗಿ ಹೊಲಕ್ಕೆ ಹೊಡೆಯುವ ಎಣ್ಣೆ (ಕೀಟನಾಶಕ). ಬಾಟಲಿ ಎಲ್ಲಿದೆ, ಅರ್ಧ ಉಳಿದದ್ದು ಎಷ್ಟು, ಕೀಲಿ ಯಾರ ಹತ್ತಿರ ಎಂದು ಮನೆಯವರನ್ನು ಕೇಳಿ. ‘ಮ್ಯಾಲ ಇಟ್ಟೇವ್ರಿ’ ಅನ್ನುವುದು ಉತ್ತರವಲ್ಲ, ಮನೆಯಿಂದ ಹೊರಗೆ ಹೋಗಬೇಕು. ಆ ತೀವ್ರ ಗಳಿಗೆ ಬಹಳ ಸಲ ಬೇಗ ಇಳಿಯುತ್ತದೆ, ಆ ಹೊತ್ತಿಗೆ ಕೈಗೆ ಸಿಗದಂತಿದ್ದರೆ ಜೀವ ಉಳಿಯುತ್ತದೆ. ಮಾತ್ರೆಯನ್ನೂ ತಿಂಗಳಿನದು ಒಟ್ಟಿಗೆ ಕೊಡದೆ ವಾರಕ್ಕಾಗುವಷ್ಟು ಕೊಡಲು ಡಾಕ್ಟರನ್ನು ಕೇಳಿ.

ಇನ್ನು ‘ಎಲ್ಲಾ ಸರಿಹೋಗುತ್ತೆ’. ಹೇಳಬೇಡಿ. ಗಂಡ ವಾಪಸ್ ಬರುವುದಿಲ್ಲ ಎಂದು ಅವರಿಗೆ ಗೊತ್ತು, ನಿಮಗೆ ಗೊತ್ತಿಲ್ಲವೇನೋ ಅಂದುಕೊಂಡು ಸುಮ್ಮನಾಗುತ್ತಾರೆ. ನಿಜವಾಗಿರುವ ಚಿಕ್ಕ ಭರವಸೆ ಕೊಡಿ: ‘ಈ ಮಾತ್ರೆ ಗುಣ ತೋರಾಕ ಎರಡರಿಂದ ನಾಲ್ಕು ವಾರ ಬೇಕ್ರಿ. ಮೊದಲು ನಿದ್ದಿ ಸುಧಾರಿಸಬಹುದು. ದುಃಖ ಹೋಗೂದಿಲ್ಲ, ಎದ್ದು ಕೂಡೂ ಶಕ್ತಿ ಬರತೈತಿ.’

ಭರವಸೆಯನ್ನು ಬಿಡಿಸಿ ನೋಡಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಸ್ನೈಡರ್. ಗುರಿ, ಅಲ್ಲಿಗೆ ದಾರಿ, ನಾನು ನಡೆಯಬಲ್ಲೆ ಎಂಬ ಕಸುವು, ಇವು ಮೂರೂ ಇದ್ದರೆ ಭರವಸೆ. ಇವರಿಗೆ ಗುರಿ ‘ಖುಷಿಯಾಗಿರಬೇಕು’ ಎಂಬುದಲ್ಲ. ವಿಧವಾ ವೇತನಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕುವುದು ಗುರಿ. ಮೊದಲ ದಾರಿ ಮೈದುನನ ಜೊತೆ ಹೋಗುವುದು, ಅವನು ಬರದಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳುವುದು. ಎರಡನೇ ದಾರಿಯನ್ನು ಮೊದಲೇ ಆಡಿಟ್ಟಿರಬೇಕು. ಇಲ್ಲದಿದ್ದರೆ ಮೊದಲನೆಯದು ಕೈಕೊಟ್ಟ ದಿನ ‘ನಾ ಹೇಳಿಲ್ಲೇನು, ಹಣೆಬರಹ’ ಎಂಬಲ್ಲಿಗೇ ಬಂದು ನಿಲ್ಲುತ್ತದೆ. ಒಂದು ಸೆಷನ್‌ಗೆ ಒಂದೇ ಕೆಲಸ.

ಕರಾವಳಿ ಕೌನ್ಸೆಲರ್

ದೇವರ ಪ್ರಶ್ನೆಗೆ ತರಬೇತಿಯಲ್ಲಿ ಕಲಿಸುವ ಉತ್ತರ ‘ನೀವು ಯಾಕೆ ಕೇಳುತ್ತಿದ್ದೀರಿ?’ ಅಂತ. ನನಗೆ ಅದು ಸರಿಬರುವುದಿಲ್ಲ. ನಮ್ಮಲ್ಲಿ ಇದು ಊರು-ಮನೆತನ ಕೇಳಿದಷ್ಟೇ ಸಹಜ, ಮರುಪ್ರಶ್ನೆ ಹಾಕಿದರೆ ಜಾರಿಕೊಂಡಂತೆ ಕಾಣುತ್ತದೆ. ಒಂದು ಸಾಲಿನ ನಿಜ ಹೇಳಿ, ತಿರುಗಿ ಅವರ ಕಡೆ ಬನ್ನಿ. ನಂಬುವವರಾದರೆ: ‘ನಂಬ್ತೀನಕ್ಕಾ, ಆದ್ರ ನಿಮ್ಮ ದೇವರ ಜೊತೆ ನಿಮಗ ಏನಾತು ಅನ್ನೂದು ನಿಮಗಷ್ಟ ಗೊತ್ತು.’ ನಂಬದವರಾದರೆ: ‘ನಾ ಅಷ್ಟು ಪೂಜಿ ಮಾಡೂದಿಲ್ರಿ, ಆದ್ರ ನಿಮಗ ಅದು ಎಷ್ಟು ದೊಡ್ಡದು ಅಂತ ಕಾಣತೈತಿ.’ ಸುಳ್ಳು ಬೇಡ, ಮುಂದಿನ ವಾರ ಸಿಕ್ಕಿಬೀಳುತ್ತೀರಿ. ಆ ಪ್ರಶ್ನೆಯ ಒಳಗೆ ಬಹಳ ಸಲ ಇರುವುದು ‘ನನ್ನನ್ನು ನೋಡಿ ನಗ್ತೀರಾ?’ ಎಂಬ ಅಂಜಿಕೆ.

ಪ್ರಸಾದ ಕೊಟ್ಟರೆ ತೆಗೆದುಕೊಳ್ಳಿ. ನಿಮ್ಮ ಮಠ, ಚರ್ಚು, ಜ್ಯೋತಿಷಿ ಯಾವುದಕ್ಕೂ ಕಳಿಸಬೇಡಿ.

ಸೇತುವೆ

ಸಂಬಂಧದ ಬಗ್ಗೆ ಎರಡು ಮಾತು. ಸ್ಯಾನ್ ಫ್ರಾನ್ಸಿಸ್ಕೊದ ಮನೋವೈದ್ಯ ಜೆರೋಮ್ ಮೋಟೊ, ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ ಚಿಕಿತ್ಸೆ ಬೇಡವೆಂದ 843 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಪುಟ್ಟ ಪತ್ರ ಕಳಿಸಿದರು. ನಾಲ್ಕು ತಿಂಗಳು ತಿಂಗಳಿಗೊಂದು, ಆಮೇಲೆ ಎಂಟು ತಿಂಗಳು ಎರಡು ತಿಂಗಳಿಗೊಂದು, ನಂತರ ನಾಲ್ಕು ವರ್ಷ ಮೂರು ತಿಂಗಳಿಗೊಂದು. ಪತ್ರದಲ್ಲಿ ಸಲಹೆ ಇರಲಿಲ್ಲ, ‘ಬನ್ನಿ’ ಎಂಬ ಒತ್ತಾಯವೂ ಇರಲಿಲ್ಲ. ಕ್ಷೇಮವೇ ಎಂಬ ವಿಚಾರಣೆ ಅಷ್ಟೇ. ಮೊದಲ ಎರಡು ವರ್ಷ ಆ ಗುಂಪಿನಲ್ಲಿ ಆತ್ಮಹತ್ಯೆ ಸ್ಪಷ್ಟವಾಗಿ ಕಡಿಮೆಯಿತ್ತು. ನಿಮ್ಮ ಕ್ಷೇತ್ರಕಾರ್ಯ ಕೆಲವೇ ತಿಂಗಳಲ್ಲಿ ಮುಗಿಯುತ್ತದೆ, ಆದ್ದರಿಂದ ಅಂಥ ಪತ್ರದ ಬದಲಿಗೆ ಆಗಾಗ ಕ್ಷೇಮ ವಿಚಾರಿಸುವ ಫೋನ್ ಕರೆ ಯಾರು ಮಾಡಬೇಕೆಂದು ಈಗಲೇ ಆಸ್ಪತ್ರೆಯ ಸಿಬ್ಬಂದಿಯ ಹೆಸರಿಗೆ ಬರೆಸಿ. ನೀವು ಹೋಗುವ ದಿನವನ್ನು ಅವರಿಗೂ ಮುಂಚಿತವಾಗಿ ತಿಳಿಸಿ, ಗಂಡನನ್ನು ಕಳೆದುಕೊಂಡವರಿಗೆ ಹೇಳದೆ ಕಾಣೆಯಾಗುವುದು ಬೇಡ.

ಹಾಗೆಯೇ, ‘ಸ್ವಸಹಾಯ ಸಂಘಕ್ಕೆ ಸೇರಿಸಿ’ ಎಂದು ಎಲ್ಲರೂ ಹೇಳುತ್ತಾರೆ. ಮೊದಲು ಬಾಕಿ ಕಂತು ಇದೆಯೇ ಕೇಳಿ. ಇದ್ದರೆ ವಾರದ ಸಭೆ ಅವರಿಗೆ ಆಸರೆಯಲ್ಲ, ವಸೂಲಿ. ಕುಂಕುಮ-ಹೂವಿನ ಸಂದರ್ಭವಿರುವ ಕೂಟಗಳಿಗೂ ಸದ್ಯಕ್ಕೆ ನೂಕಬೇಡಿ. ಘಟಪ್ರಭಾ ಬರೆಸಿದ ಹೆಸರುಗಳಲ್ಲಿ ಒಬ್ಬಾಕೆ ಸಂಜೆ ಬಂದು ಜೊತೆಗೆ ಕೂತು ಊಟ ಮಾಡಿದರೆ ಅಲ್ಲಿಂದ ಶುರುಮಾಡಬಹುದು.

ಕ್ಷೇತ್ರಕಾರ್ಯ

ಧನ್ಯವಾದ. ಒಂದು ಬಿಟ್ಟೆ. ಮಾತ್ರೆ ನಿಲ್ಲಿಸಿ, ದೇವರು ಮೈಮೇಲೆ ಬರುವ ಪೂಜಾರಿಯ ಬಳಿ ಕೆಲವು ವಾರ ಬಿಟ್ಟುಬರುತ್ತೇವೆ ಎಂದು ಮೈದುನ ಹೇಳುತ್ತಿದ್ದಾರೆ. ತಡೆಯಬೇಕೇ?

ಕರಾವಳಿ ಕೌನ್ಸೆಲರ್

ಹೋಗುವುದನ್ನು ತಡೆಯಬೇಡಿ, ಮಾತ್ರೆ ನಿಲ್ಲಿಸುವುದನ್ನು ತಡೆಯಿರಿ. ನಿಮ್ಹಾನ್ಸ್‌ನ ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಮುತ್ತುಸ್ವಾಮಿ ದೇವಸ್ಥಾನದಲ್ಲಿ ತಂಗಿದ್ದ 31 ಜನರನ್ನು ಗಮನಿಸಿ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವರದಿ ಮಾಡಿದರು. ಸರಾಸರಿ ಆರು ವಾರದ ವಾಸದಲ್ಲಿ ರೋಗಲಕ್ಷಣದ ಅಂಕ ಸುಮಾರು 20% ಇಳಿದಿತ್ತು. ಅಲ್ಲಿ ವಿಶೇಷ ವಿಧಿ ಏನೂ ಇರಲಿಲ್ಲ, ಮನೆಯವರು ಜೊತೆಗಿದ್ದರು, ಸಣ್ಣಪುಟ್ಟ ಕೆಲಸವಿತ್ತು, ಯಾರೂ ಹೀಯಾಳಿಸುತ್ತಿರಲಿಲ್ಲ. ಹೋಲಿಕೆಗೆ ಬೇರೆ ಗುಂಪು ಇರಲಿಲ್ಲ, ಹಾಗಾಗಿ ಇದನ್ನು ಔಷಧಿಗೆ ಬದಲಿ ಎಂದು ಓದಬಾರದು. ಅದೇ ರಾಜ್ಯದ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು, ದರ್ಗಾ ಸಮೀಪದ ಖಾಸಗಿ ಆಶ್ರಯಧಾಮದಲ್ಲಿ ಸರಪಳಿ ಬಿಗಿದಿದ್ದ 28 ಜನ ಬೆಂಕಿಯಲ್ಲಿ ಸತ್ತರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 95ನೇ ಕಲಂ ಸರಪಳಿ ಹಾಕುವುದನ್ನು ಯಾವ ರೂಪದಲ್ಲೂ ನಿಷೇಧಿಸಿದೆ.

ಮೈದುನನನ್ನು ಮುಂದಿನ ಸೆಷನ್‌ಗೆ ಕರೆಸಿ ಇಷ್ಟು ಕೇಳಿ: ಜೊತೆಗೆ ಮನೆಯವರು ಉಳಿಯುತ್ತಾರೆಯೇ? ಕಟ್ಟುವುದು, ಹೊಡೆಯುವುದು, ಹೊಗೆ ಹಾಕುವುದು ಇದೆಯೇ? ಬೇಡವೆನಿಸಿದ ದಿನ ಅವರು ಎದ್ದು ಬರಬಹುದೇ? ಖರ್ಚಿಗೆ ಸಾಲ ಮಾಡುತ್ತೀರಾ? ಎಲ್ಲಕ್ಕಿಂತ ಮೊದಲು, ಅವರಿಗೆ ಹೋಗಲು ಮನಸ್ಸಿದೆಯೇ? ಮಾತ್ರೆಯ ಬಗ್ಗೆ ಡಾಕ್ಟರ ಬಾಯಿಂದಲೇ ಹೇಳಿಸಿ: ಒಮ್ಮೆಲೇ ಬಿಟ್ಟರೆ ತಲೆಸುತ್ತು, ವಾಕರಿಕೆ, ನಿದ್ದೆಗೇಡು ಬರಬಹುದು, ಅದನ್ನೇ ‘ಗಾಳಿ’ ಎಂದುಕೊಳ್ಳುತ್ತಾರೆ. ಉಪವಾಸದ ಹರಕೆಯಿದ್ದರೆ ಯಾವ ಮಾತ್ರೆ ಎಂದು ನೋಡಿ. ಪಟ್ಟಿಯಲ್ಲಿ ಲಿಥಿಯಂ (ಮನಸ್ಸಿನ ಏರಿಳಿತ ಹಿಡಿತಕ್ಕೆ ತರುವ ಮಾತ್ರೆ) ಇದ್ದರೆ ನೀರು ಬಿಡುವ ಉಪವಾಸ ಅಪಾಯ, ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಹೊತ್ತು ಬದಲಿಸಬೇಕಾದರೆ ಡಾಕ್ಟರ್ ಚೀಟಿಯಲ್ಲಿ ಬರೆದುಕೊಡಲಿ, ಆ ಚೀಟಿ ಅವರ ಜೊತೆಗೇ ಗುಡಿಗೆ ಹೋಗಲಿ.