ಪದಚರ್ಚೆ: ಹಳೇ ಕಾರಿನ ಮೀಟರ್ ಬೋರ್ಡು – ಮುಳ್ಳು, ಕಟ್ಟು, ಅರ್ತ್, ಮತ್ತು ‘ರಿಸ್ಟೋರ್’ಗೆ ಏನನ್ನೋಣ?

ಗೆಳೆಯರೇ, ನಮಸ್ಕಾರ.

ಹಳೇ ಬ್ರಿಟಿಷ್ ಕಾರುಗಳ ಡ್ಯಾಶ್‌ಬೋರ್ಡು ಮತ್ತು ಮೀಟರುಗಳನ್ನು ಬಿಚ್ಚಿ, ಕೆಟ್ಟಿದ್ದನ್ನು ಸರಿಮಾಡಿ, ಮೊದಲಿದ್ದ ಹಾಗೆ ಕೂರಿಸುವುದು ಹೇಗೆ ಅಂತ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಮುಂದಿಟ್ಟುಕೊಂಡಿರುವುದು ಮೋರಿಸ್ ಮೈನರ್ 1000. ಕೆಲಸ ಗೊತ್ತಿದೆ, ಬರೆಯೋಕೆ ಕೂತರೆ ಪದ ಸಿಗುತ್ತಿಲ್ಲ. ಕಾರಿನ ಗಂಧಗಾಳಿ ಇಲ್ಲದವರೂ ದಯವಿಟ್ಟು ಓದಿ. ನನಗೆ ಬೇಕಾದ ಪದ ಗ್ಯಾರೇಜಿನಲ್ಲೇ ಇರಬೇಕು ಅಂತೇನಿಲ್ಲ, ಗಡಿಯಾರ ರಿಪೇರಿ ಮಾಡುವವರ ಬಾಯಲ್ಲೋ ಅಕ್ಕಸಾಲಿಗರ ಬಾಯಲ್ಲೋ ಇರಬಹುದು.

ಕಾರಿನ ಬಗ್ಗೆ ಎರಡು ಮಾತು. ಮೈನರ್ 1948ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಗುಂಡನೆಯ ಪುಟ್ಟ ಕಾರು. ವಿನ್ಯಾಸ ಅಲೆಕ್ ಇಸಿಗೋನಿಸ್ ಅವರದು, ಮುಂದೆ ಮಿನಿ ಕಾರನ್ನು ಮಾಡಿದವರೂ ಅವರೇ. ನಮ್ಮ ದೇಶದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಇದನ್ನೇ ‘ಬೇಬಿ ಹಿಂದೂಸ್ತಾನ್’ ಅಂತ ತಂದಿತ್ತು. ಮೈನರ್ 1000ರ ಡ್ಯಾಶ್‌ಬೋರ್ಡು ನೋಡೋಕೆ ಬಹಳ ಚೆಂದ. ಡ್ರೈವರ್ ಎದುರಿಗೆ ಯಾವ ಮೀಟರೂ ಇಲ್ಲ. ಪೇಂಟ್ ಹೊಡೆದ ತಗಡು, ಮಧ್ಯದಲ್ಲಿ ಒಂದೇ ಒಂದು ದೊಡ್ಡ ದುಂಡು ಸ್ಪೀಡೋಮೀಟರು. ಪೆಟ್ರೋಲ್ ಎಷ್ಟಿದೆ ಅಂತ ತೋರಿಸುವುದೂ ಅದರ ಹೊಟ್ಟೆಯೊಳಗೇ, ಎಚ್ಚರಿಕೆ ದೀಪಗಳೂ ಅಲ್ಲೇ.

ನನ್ನ ತೊಂದರೆ ಶುರುವಾಗುವುದೂ ಇಲ್ಲೇ. ಇಂಗ್ಲಿಷಿನಲ್ಲಿ ವೇಗ ತೋರಿಸುವ ಮೀಟರ್ ಬೇರೆ, ಪೆಟ್ರೋಲ್ ಮತ್ತು ಬಿಸಿ ತೋರಿಸುವ ಗೇಜ್ ಬೇರೆ. ನಮ್ಮ ಗ್ಯಾರೇಜುಗಳಲ್ಲಿ ಎಲ್ಲವೂ ಮೀಟರೇ. ಸ್ಪೀಡ್ ಮೀಟರ್, ಪೆಟ್ರೋಲ್ ಮೀಟರ್, ಹೀಟ್ ಮೀಟರ್, ಎಲ್ಲ ಸೇರಿದರೆ ಮೀಟರ್ ಬೋರ್ಡು. ಮನೆಯ ಕರೆಂಟಿಗೂ ಮೀಟರ್, ಆಟೋಗೂ ಮೀಟರ್, ಬೆಂಗಳೂರಿನ ಹುಡುಗರ ಬಾಯಲ್ಲಿ ಧೈರ್ಯಕ್ಕೂ ಮೀಟರ್. ಮಾತಿನಲ್ಲಿ ಇದರಿಂದ ಏನೂ ತೊಡಕಿಲ್ಲ. ಆದರೆ ಒಂದೇ ಡಬ್ಬಿಯೊಳಗೆ ಎರಡಿರುವಾಗ ‘ಮೀಟರ್ ಹೊರಗೆ ತೆಗೆಯಿರಿ’ ಅಂತ ಬರೆದರೆ ಓದುವವರು ಯಾವುದನ್ನು ತೆಗೆಯಬೇಕು?

ಮೆಕ್ಯಾನಿಕ್ಕುಗಳಿಗೆ ಈ ಗೊಂದಲವೇ ಇಲ್ಲ. ಅವರು ಮುಳ್ಳಿನ ಹೆಸರು ಹೇಳುತ್ತಾರೆ. ‘ಪೆಟ್ರೋಲ್ ಮುಳ್ಳು ಏಳ್ತಿಲ್ಲ’, ‘ಹೀಟ್ ಮುಳ್ಳು ಮೇಲೇ ನಿಂತುಬಿಟ್ಟಿದೆ’, ‘ಸ್ಪೀಡ್ ಮುಳ್ಳು ಕುಣಿಯುತ್ತೆ’. ಗಡಿಯಾರಕ್ಕೆ ಮುಳ್ಳು, ತಕ್ಕಡಿಗೆ ಮುಳ್ಳು, ಹಾಗೇ ಕಾರಿಗೂ ಮುಳ್ಳು. ನನಗೆ ಇಷ್ಟವಾಗಿದ್ದು ಆ ಕ್ರಿಯಾಪದಗಳು. ಒಂದೊಂದೂ ಒಂದೊಂದು ರೋಗದ ಹೆಸರಿದ್ದ ಹಾಗೆ. ‘ಕುಣಿಯುತ್ತೆ’ ಅಂದರೆ ಕೇಳಿದವನ ಕೈ ನೇರವಾಗಿ ಕೇಬಲ್‌ಗೆ ಹೋಗುತ್ತದೆ, ಯಾಕೆಂದರೆ ಗೇರ್‌ಬಾಕ್ಸಿನಿಂದ ಬರುವ ಆ ಕೇಬಲ್ ಒಣಗಿದ್ದರೆ ಅಥವಾ ಎಲ್ಲೋ ಗಟ್ಟಿಯಾಗಿ ಬಾಗಿದ್ದರೆ ಸಲೀಸಾಗಿ ತಿರುಗದೆ ತಡೆದು ತಡೆದು ತಿರುಗುತ್ತದೆ. ಮೀಟರಿನೊಳಗೆ ಕೇಬಲ್ ತಿರುಗಿಸುವುದು ಒಂದು ಅಯಸ್ಕಾಂತವನ್ನು. ಅದರ ಸುತ್ತ ಮುಟ್ಟದ ಹಾಗೆ ಒಂದು ಅಲ್ಯೂಮಿನಿಯಂ ಬಟ್ಟಲು. ಅಯಸ್ಕಾಂತ ತಿರುಗಿದರೆ ಬಟ್ಟಲಿನಲ್ಲಿ ವಿದ್ಯುತ್ ಸುಳಿ ಹುಟ್ಟಿ ಅದೂ ತಿರುಗೋಕೆ ನೋಡುತ್ತದೆ. ಕೂದಲೆಳೆಯಂಥ ಒಂದು ಸ್ಪ್ರಿಂಗು ಅದನ್ನು ಹಿಂದಕ್ಕೆ ಹಿಡಿಯುತ್ತದೆ. ಈ ಎಳೆದಾಟ ಎಲ್ಲಿ ಸಮವಾಗುತ್ತದೋ ಅಲ್ಲಿ ಮುಳ್ಳು ನಿಲ್ಲುತ್ತದೆ. ಒಟ್ಟೊ ಶೂಲ್ಟ್ಸೆ ಇದಕ್ಕೆ ಪೇಟೆಂಟ್ ಪಡೆದದ್ದು 1902ರಲ್ಲಿ, ಆಮೇಲೆ ದಶಕಗಟ್ಟಲೆ ಲೋಕದ ಕಾರುಗಳು ಇದನ್ನೇ ಹಾಕಿಕೊಂಡು ಓಡಿದವು. ಕೇಬಲ್‌ಗೆ ಗ್ರೀಸ್ ಹಾಕುವಾಗ ಮೀಟರಿನ ಕಡೆಯ ತುದಿಯಲ್ಲಿ ಒಂದು ಗೇಣು ಹಾಗೇ ಬಿಡಬೇಕು. ಇಲ್ಲದಿದ್ದರೆ ಗ್ರೀಸ್ ಕೇಬಲ್ ಹಿಡಿದು ಮೇಲೇರಿ ಆ ಬಟ್ಟಲಿಗೇ ಮೆತ್ತಿಕೊಳ್ಳುತ್ತದೆ.

ಹಾಗಾಗಿ ಕೈಪಿಡಿಯಲ್ಲಿ ‘ಗೇಜ್’ಗೆ ‘ಮುಳ್ಳು’ ಅಂತಲೇ ಬರೆಯಬೇಕು ಅಂತ ನನ್ನ ಆಸೆ. ‘ಇಂಧನ ಸೂಚಕ’, ‘ತಾಪಮಾಪಕ’ ಅಂತೆಲ್ಲ ಬರೆದರೆ ಓದುವವರಿಗೆ ಪಠ್ಯಪುಸ್ತಕ ನೆನಪಾಗುತ್ತದೆ, ಗಾಡಿ ನೆನಪಾಗೋದಿಲ್ಲ. ಒಂದೇ ಒಂದು ಅಡ್ಡಿ ಇದೆ. ಕೆಲವು ಕಡೆ ಬರೀ ಮುಳ್ಳನ್ನಷ್ಟೇ ಕೀಳಬೇಕಾಗುತ್ತದೆ. ಡಯಲ್ ಮೇಲೆ ಬಟ್ಟೆ ಹಾಸಿ, ಎರಡು ಟೀ ಚಮಚ ಎದುರುಬದುರು ಇಟ್ಟು, ಮೆಲ್ಲಗೆ ಮೇಲಕ್ಕೆ ಎತ್ತುವುದು. ಅಲ್ಲಿ ‘ಪೆಟ್ರೋಲ್ ಮುಳ್ಳು ತೆಗೆಯಿರಿ’ ಅಂದರೆ ಕಡ್ಡಿಯನ್ನೋ, ಅದರ ಹಿಂದಿನ ಇಡೀ ಯಂತ್ರವನ್ನೋ? ‘ಮುಳ್ಳುಮನೆ’ ಅಂತ ಒಂದು ಪದ ಕಟ್ಟಿ ನೋಡಿದೆ. ಮುಳ್ಳು ಕೂತಿರುವ ಮನೆ. ಕಿವಿಗೆ ಹೇಗೆ ಕೇಳುತ್ತದೆ, ಹೇಳಿ.

ಓಡೋಮೀಟರ್ ಬಗ್ಗೆ ಮಾತ್ರ ನನಗೆ ಚಿಂತೆ ಇಲ್ಲ. ಗ್ರೀಕಿನ ದಾರಿ ಅನ್ನೋ ಪದದಿಂದ ಬಂದದ್ದು ಅಂತ ನಿಘಂಟು ಹೇಳುತ್ತದೆ, ಸರಿ. ಆದರೆ ಕನ್ನಡದ ಕಿವಿಗೆ ಅದು ‘ಓಡೋ’ ಮೀಟರ್, ಗಾಡಿ ಎಷ್ಟು ಓಡಿದೆ ಅಂತ ಹೇಳುವ ಮೀಟರ್. ಇಷ್ಟು ಚೆನ್ನಾಗಿ ಒಗ್ಗಿಕೊಂಡ ಪದವನ್ನು ಮುಟ್ಟುವುದೇ ಬೇಡ. ಡ್ಯಾಶ್‌ಬೋರ್ಡನ್ನೂ ಹಾಗೇ ಬಿಡುತ್ತೇನೆ. ಕುದುರೆ ಗಾಡಿಯಲ್ಲಿ ಗೊರಸಿನಿಂದ ಸಿಡಿಯುವ ಕೆಸರು ತಡೆಯೋಕೆ ಇದ್ದ ಹಲಗೆಯ ಹೆಸರು ಅದು. ಈಗ ಕೆಸರೂ ಇಲ್ಲ ಹಲಗೆಯೂ ಇಲ್ಲ, ಹೆಸರು ಉಳಿದಿದೆ.

ಮುಂದಿನ ಪದ ನಿಜಕ್ಕೂ ಬೇಕು. ಡಯಲ್ಲಿನ ಗಾಜನ್ನು ಸುತ್ತಲೂ ಹಿಡಿದಿಟ್ಟುಕೊಳ್ಳುವ ಹೊಳೆಯುವ ರಿಂಗ್ ಇದೆಯಲ್ಲ, ಇಂಗ್ಲಿಷಿನ ಬೆಜ಼ೆಲ್, ಅದಕ್ಕೆ ಏನನ್ನೋಣ? ಆ ಕಾಲದ ಬ್ರಿಟಿಷ್ ಮೀಟರುಗಳಲ್ಲಿ ಅದರ ಒಳಅಂಚಿಗೆ ಚಿಕ್ಕ ಚಿಕ್ಕ ಕಿವಿಗಳಿರುತ್ತವೆ, ರಿಂಗನ್ನು ಸ್ವಲ್ಪ ತಿರುಗಿಸಿ ಆ ಕಿವಿಗಳನ್ನು ಡಬ್ಬಿಯ ಅಂಚಿನ ಕಚ್ಚುಗಳ ಎದುರಿಗೆ ತಂದರೆ ಬಿಟ್ಟುಕೊಳ್ಳುತ್ತದೆ. ಮೊದಲು ‘ಬಳೆ’ ಅಂದುಕೊಂಡೆ. ಆದರೆ ‘ಗಾಜಿನ ಬಳೆ’ ಅಂದಕೂಡಲೇ ಓದುವವರ ಕಣ್ಣಿಗೆ ಬೇರೆಯೇ ಬರುತ್ತದೆ. ಈಗ ನನ್ನ ಮನಸ್ಸಿನಲ್ಲಿರುವುದು ‘ಕಟ್ಟು’. ಚಿನ್ನದ ಕಟ್ಟಿನ ಕನ್ನಡಕ ಅನ್ನುತ್ತೇವೆ, ಫೋಟೋಗೆ ಕಟ್ಟು ಹಾಕಿಸುತ್ತೇವೆ. ಗಾಜನ್ನು ಹಿಡಿದಿಡುವ ಚೌಕಟ್ಟಿಗೆ ಈಗಾಗಲೇ ಇರುವ ಪದ, ‘ಡಯಲ್ಲಿನ ಕಟ್ಟು ಬಿಚ್ಚಿ’ ಅಂದರೆ ಯಾರಿಗೂ ವಿವರಿಸಬೇಕಾಗಿಲ್ಲ ಅಲ್ವಾ? ಯಾರಿಗಾದರೂ ಇದಕ್ಕಿಂತ ಒಳ್ಳೆಯದು ಗೊತ್ತಿದ್ದರೆ ತಿಳಿಸಿ.

ಇನ್ನು ಬರವಣಿಗೆಯಲ್ಲಿ ಬಹಳ ಕಾಟ ಕೊಡುವ ಜಾಗ. ಮೈನರ್ ಕಾರಿನಲ್ಲಿ ಬ್ಯಾಟರಿಯ ಪ್ಲಸ್ ತುದಿ ಕಾರಿನ ಲೋಹದ ಮೈಗೆ, ಅಂದರೆ ಬಾಡಿಗೆ, ಸೇರಿರುತ್ತದೆ, ಇದಕ್ಕೇ ಪ್ಲಸ್ ಅರ್ತ್ ಅನ್ನುವುದು. ಈಗಿನ ಕಾರುಗಳಿಗೆ ಉಲ್ಟಾ. ಹಳೇ ಫಿಲಮೆಂಟ್ ಬಲ್ಬಿಗೆ ಪ್ಲಸ್ ಮೈನಸ್ ಭೇದ ಇಲ್ಲ. ಆದರೆ ಡಯಲ್ ಮಂಕಾಗಿದೆ ಅಂತ ಹೊಸ ಎಲ್‌ಇಡಿ ಬಲ್ಬ್ ತಂದು ಹಾಕಿದರೆ ಅದು ಉರಿಯದೇ ಹೋಗಬಹುದು, ಪ್ಲಸ್ ಅರ್ತ್‌ಗೆ ಅಂತಲೇ ಮಾಡಿದ್ದನ್ನು ಕೇಳಿ ತರಬೇಕು. ಇದನ್ನು ಬರೆಯೋಕೆ ಹೋಗಿ. ‘ಪ್ಲಸ್ ತಂತಿಯನ್ನು ಬಾಡಿಗೆ ಕೊಡಿ.’ ಮೆಕ್ಯಾನಿಕ್ಕುಗಳು ಹೇಳುವುದು ಹಾಗೇ, ಮಾತಿನಲ್ಲಿ ಏನೂ ತಪ್ಪಿಲ್ಲ. ಅಚ್ಚಿನಲ್ಲಿ ನೋಡಿದರೆ ತಂತಿಯನ್ನು ತಿಂಗಳ ಲೆಕ್ಕದಲ್ಲಿ ಬಾಡಿಗೆಗೆ ಕೊಟ್ಟಂತಿದೆ. ‘ಅರ್ತ್’ ಕೂಡ ಹಾಗೇ. ಅದನ್ನು ‘ಅರ್ಥ್’ ಅಂತ ಬರೆಯುವವರೇ ಜಾಸ್ತಿ, ‘ಅರ್ಥ್ ಸಿಗುತ್ತಿಲ್ಲ’ ಅಂತ ಬರೆದರೆ ಯಾರೋ ಪದ್ಯದ ಬಗ್ಗೆ ಕೇಳುತ್ತಿದ್ದಾರೆ ಅನ್ನಿಸುತ್ತದೆ. ಸದ್ಯಕ್ಕೆ ‘ತಗಡಿಗೆ ಜೋಡಿಸಿ’ ಅಂತ ಬರೆದಿದ್ದೇನೆ. ಅರ್ಥವಾಗುತ್ತದೆ, ಆದರೆ ಯಾರೂ ಹಾಗೆ ಹೇಳುವುದಿಲ್ಲ, ಅದೇ ಬೇಸರ. ಹಳ್ಳಿಯ ಪಂಪ್‌ಸೆಟ್ ಕೆಲಸದವರಲ್ಲಿ ಇದಕ್ಕೆ ಬೇರೆ ಮಾತು ಇದೆಯಾ?

ಅರ್ತ್ ವಿಷಯ ಇಷ್ಟು ಒತ್ತಿ ಕೇಳುವುದಕ್ಕೆ ಕಾರಣ ಇದೆ. 1960ರ ದಶಕದ ಎಷ್ಟೋ ಬ್ರಿಟಿಷ್ ಕಾರುಗಳಲ್ಲಿ ಸ್ಮಿತ್ಸ್ ಕಂಪನಿಯ ಪೆಟ್ರೋಲ್ ಮತ್ತು ಹೀಟ್ ಮುಳ್ಳುಗಳಿಗೆ ಬ್ಯಾಟರಿಯ 12 ವೋಲ್ಟ್ ನೇರವಾಗಿ ಹೋಗುವುದಿಲ್ಲ. ಡ್ಯಾಶ್‌ಬೋರ್ಡಿನ ಹಿಂದೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಒಂದು ಡಬ್ಬಿ ಇರುತ್ತದೆ. ಅದರೊಳಗೆ ಎರಡು ಲೋಹ ಬೆಸೆದ ಪಟ್ಟಿ ಬಿಸಿಯಾಗಿ ಬಾಗುತ್ತದೆ, ಕರೆಂಟ್ ಕಡಿಯುತ್ತದೆ, ತಣ್ಣಗಾಗಿ ಮತ್ತೆ ಕೂಡುತ್ತದೆ. ಹೀಗೆ ಬಿಟ್ಟು ಬಿಟ್ಟು ಕೊಟ್ಟ ಕರೆಂಟಿನ ಸರಾಸರಿ 10 ವೋಲ್ಟ್. ಡಬ್ಬಿಗೆ ಅರ್ತ್ ತಪ್ಪಿದರೆ ಪಟ್ಟಿ ಬಿಸಿಯಾಗುವುದೇ ಇಲ್ಲ, ಪೂರ್ತಿ ವೋಲ್ಟೇಜ್ ನುಗ್ಗುತ್ತದೆ, ಎರಡೂ ಮುಳ್ಳು ಒಟ್ಟಿಗೆ ಜಾಸ್ತಿ ತೋರಿಸುತ್ತವೆ. ಟ್ಯಾಂಕಿನಲ್ಲಿ ಇಲ್ಲದ ಪೆಟ್ರೋಲು ಇದೆ ಅನ್ನುತ್ತದೆ, ಇಂಜಿನ್ ಸುಮ್ನೆ ಹೀಟ್ ಆಗಿದೆ ಅನ್ನುತ್ತದೆ. ಟ್ಯಾಂಕಿನೊಳಗೆ ಪೆಟ್ರೋಲ್ ಮಟ್ಟ ಅಳೆಯುವ ಯೂನಿಟ್ಟು ಬದಲಾಯಿಸಿ, ರೇಡಿಯೇಟರ್ ತೊಳೆಸಿ ದುಡ್ಡು ಕಳೆದುಕೊಳ್ಳುವವರು ಒಂದು ತಂತಿ ನೋಡಿಕೊಂಡಿದ್ದರೆ ಸಾಕಿತ್ತು. ಆ ಡಬ್ಬಿಯ ಇಂಗ್ಲಿಷ್ ಹೆಸರು ವೋಲ್ಟೇಜ್ ಸ್ಟೆಬಿಲೈಸರ್. ನಮ್ಮಲ್ಲಿ ಸ್ಟೆಬಿಲೈಸರ್ ಅಂದರೆ ಫ್ರಿಜ್ ಪಕ್ಕದ ದೊಡ್ಡ ಪೆಟ್ಟಿಗೆ. ಹಾಗಾಗಿ ‘10 ವೋಲ್ಟ್ ಡಬ್ಬಿ’ ಅಂತ ಬರೆದುಬಿಟ್ಟಿದ್ದೇನೆ. ಇದನ್ನು ಬದಲಿಸಲು ನನಗೆ ಮನಸ್ಸಿಲ್ಲ.

ಒಂದು ಪದ ಅಪಾಯದ್ದು: ರೇಡಿಯಂ. ನಮ್ಮ ಊರುಗಳಲ್ಲಿ ರೇಡಿಯಂ ಅಂದರೆ ಗಾಡಿಗೆ ಅಂಟಿಸುವ ಹೊಳೆಯುವ ಸ್ಟಿಕ್ಕರ್. ರೇಡಿಯಂ ಕಟಿಂಗ್ ಅಂಗಡಿ ಇಲ್ಲದ ಪೇಟೆ ಇಲ್ಲ. ಆದರೆ ಹಳೇ ಕಾಲದ ವಿಮಾನದ ಮೀಟರು, ಕೈಗಡಿಯಾರ, ಕೆಲವು ಬಹಳ ಹಳೇ ಕಾರಿನ ಡಯಲ್ ಇವುಗಳ ಅಂಕಿಗೆ ಬಳಿದಿದ್ದು ನಿಜವಾದ ರೇಡಿಯಂ ಬಣ್ಣ. ಅದರ ಅರ್ಧಾಯುಷ್ಯ, ಅಂದರೆ ರೇಡಿಯಂ ಕರಗಿ ಅರ್ಧಕ್ಕಿಳಿಯಲು ಬೇಕಾದ ಕಾಲ, ಸುಮಾರು 1600 ವರ್ಷ. ಬಣ್ಣದಲ್ಲಿ ಬೆಳಗುವ ಸತು ಸಲ್ಫೈಡ್ ಕೆಲವೇ ದಶಕಗಳಲ್ಲಿ ಸವೆದು ಹೋಗುತ್ತದೆ, ವಿಕಿರಣ ಹೋಗುವುದಿಲ್ಲ. ಕತ್ತಲಲ್ಲಿ ಬೆಳಗದಿದ್ದರೂ ಅದನ್ನು ಕೆರೆಯಬಾರದು, ಉಜ್ಜಬಾರದು, ಪುಡಿ ಮೂಗಿಗೆ ಹೋಗಬಾರದು. ‘ರೇಡಿಯಂ ಇದ್ದರೆ ಕೆರೆಯಬೇಡಿ’ ಅಂತ ಬರೆದರೆ ಓದುವವರು ಸ್ಟಿಕ್ಕರ್ ಅಂದುಕೊಂಡು ಬ್ಲೇಡ್ ತೆಗೆದುಕೊಂಡರೆ? ಇಲ್ಲಿ ಪದ ಚೆಂದ ಇರಲೇಬೇಕು ಅಂತಿಲ್ಲ, ತಪ್ಪು ತಿಳಿಯದ ಹಾಗೆ ಇದ್ದರೆ ಸಾಕು. ‘ವಿಕಿರಣದ ಬಣ್ಣ’ ಸಾಕಾಗುತ್ತದಾ?

ಕೊನೆಗೆ ದೊಡ್ಡ ಪ್ರಶ್ನೆ. ‘ರಿಸ್ಟೋರ್’ಗೆ ಏನನ್ನೋಣ? ರಿಪೇರಿ ಅಂದರೆ ಕೆಲಸ ಮಾಡುವ ಹಾಗೆ ಮಾಡಿದರೆ ಆಯ್ತು, ಹೇಗೆ ಅನ್ನೋದು ಮುಖ್ಯ ಅಲ್ಲ. ‘ಹೊಸದು ಮಾಡಿಸು’ ಅಂದರೆ ಹಳೇ ಡಯಲ್ ಎಸೆದು ಹೊಸ ಅಚ್ಚಿನದು ಕೂರಿಸಿದರೂ ನಡೆಯುತ್ತದೆ. ನಾನು ಹೇಳಬೇಕಾದದ್ದು ಇವೆರಡೂ ಅಲ್ಲ. ಹಳೇ ಡಯಲ್ ಅದೇ ಇರಬೇಕು, ಅಕ್ಷರ ಅಳಿಸದ ಹಾಗೆ ಮೆತ್ತನೆ ಬ್ರಷ್‌ನಲ್ಲಿ ಧೂಳು ಮಾತ್ರ ತೆಗೆಯಬೇಕು, ಸ್ಪಿರಿಟ್ಟು ಪೆಟ್ರೋಲು ತಾಗಿಸಬಾರದು, ಮುಳ್ಳು ಮತ್ತೆ ಸರಿಯಾಗಿ ನಿಲ್ಲಬೇಕು. ‘ಜೀರ್ಣೋದ್ಧಾರ’ ಅರ್ಥದಲ್ಲಿ ಹತ್ತಿರ ಇದೆ, ಆದರೆ ಅದು ದೇವಸ್ಥಾನಕ್ಕೆ, ಕೆರೆಗೆ ಸೇರಿಹೋದ ಪದ. ‘ಪುನಶ್ಚೇತನ’ ಸರ್ಕಾರಿ ಕಾಗದದ ಪದ.

ಯೋಚಿಸುತ್ತಾ ಹೋದರೆ ನಮ್ಮವರು ಇಂಥ ಕಡೆ ಒಂದು ದೊಡ್ಡ ಪದ ಬಳಸುವುದೇ ಕಡಿಮೆ ಅನ್ನಿಸುತ್ತದೆ. ಆ ಕೆಲಸದ ಹೆಸರನ್ನೇ ಹೇಳುತ್ತಾರೆ. ತಾಮ್ರದ ಪಾತ್ರೆಗೆ ಕಲಾಯಿ ಹಾಕಿಸಿದೆ. ಕತ್ತಿಗೆ ಸಾಣೆ ಹಿಡಿಸಿದೆ. ವೀಣೆಗೆ ಮೇಳ ಕಟ್ಟಿಸಿದೆ, ಮರ ಹಳೇದೇ, ತಂತಿ ಒತ್ತುವ ಮೆಟ್ಟಿಲುಗಳನ್ನು ಮೇಣದಲ್ಲಿ ಮತ್ತೆ ಸ್ವರಕ್ಕೆ ಕೂರಿಸಿದ್ದು. ಯಾರೂ ವೀಣೆ ರಿಸ್ಟೋರ್ ಮಾಡಿಸಿದೆ ಅನ್ನೋದಿಲ್ಲ. ಹಾಗಾದರೆ ಕೈಪಿಡಿಯಲ್ಲೂ ‘ಮೀಟರ್ ರಿಸ್ಟೋರ್ ಮಾಡಿದೆ’ ಬದಲು ‘ಕಟ್ಟು ಬಿಚ್ಚಿ, ಡಯಲ್ ಧೂಳು ತೆಗೆದು, ಮುಳ್ಳು ಕೂರಿಸಿದೆ’ ಅಂತ ಕೆಲಸವನ್ನೇ ಹೇಳಿಕೊಂಡು ಹೋದರೆ ಸಾಕಲ್ಲವೇ? ನನಗೆ ಇದೇ ಸರಿ ಅನ್ನಿಸುತ್ತಿದೆ. ಆದರೆ ಪುಸ್ತಕಕ್ಕೆ ಒಂದು ಹೆಸರು ಬೇಕು, ರಕ್ಷಾಪುಟದ ಮೇಲೆ ಇಡೀ ಕೆಲಸದ ಪಟ್ಟಿ ಹಾಕೋಕಾಗಲ್ಲ. ಅಲ್ಲಿಗೆ ಮಾತ್ರ ಒಂದು ಪದ ಬೇಕೇ ಬೇಕು.

ಉತ್ತರ ಕರ್ನಾಟಕದ ಗೆಳೆಯರಲ್ಲಿ ಇನ್ನೊಂದು ಮಾತು. ನಿಮ್ಮ ಕಡೆ ತೂಕದ ತಕ್ಕಡಿಗೆ ಕಾಟಾ ಅಂತೀರಿ. ಗಾಡಿಯ ಮೀಟರಿನ ಕಡ್ಡಿಗೂ ಕಾಟಾ ಅಂತೀರಾ, ಮುಳ್ಳು ಅಂತೀರಾ? ಕರಾವಳಿಯಲ್ಲಿ ಬಸ್ಸು ಲಾರಿ ಕೆಲಸ ಮಾಡುವವರು ಏನಂತಾರೆ? ಹತ್ತಿರದ ಗ್ಯಾರೇಜಿನಲ್ಲಿ ಒಮ್ಮೆ ಕೇಳಿ, ಅವರು ಹೇಳಿದ ವಾಕ್ಯವನ್ನು ಹಾಗೇ ಬರೆದು ಕಳಿಸಿ. ತಿದ್ದಬೇಡಿ, ಬರೀ ಪದ ಸಾಲದು, ವಾಕ್ಯ ಬೇಕು.