ಹಾಡೋದು ಕಪ್ಪು ಹಕ್ಕಿ, ಆ್ಯಪ್ ತೋರಿಸೋದು ಫೈರ್‌ಫಿಂಚ್! ಏನು ಮಾಡಲಿ?

ಮುಂಜಾವು: ತಲೆ ಕೆಟ್ಟುಹೋಗಿದೆ. ಒಣಕೊಂಬೆ ತುದೀಲಿ ಕಪ್ಪು ಹಕ್ಕಿ ಕೂತು ಹಾಡ್ತಿದೆ, ಕೊಕ್ಕು ಆಡೋದೂ ಕಾಣುತ್ತೆ. ಕ್ಲಿಪ್ ಹಾಕಿದ್ರೆ ಹಕ್ಕಿ ದನಿ ಗುರುತಿಸೋ ಆ್ಯಪ್ ಪ್ರತಿ ಸಲ ರೆಡ್‌ಬಿಲ್ಡ್ ಫೈರ್‌ಫಿಂಚ್ ಅನ್ನುತ್ತೆ. ಅದು ಕೆಂಪು ಹಕ್ಕಿ! ಮೈಕೂ ಬದಲಿಸಿ ನೋಡಿದೆ.

ಶಬ್ದಗಾರ: ಗೇನ್ (ದನಿ ಹಿಗ್ಗಿಸೋ ಮಟ್ಟ) ಜಾಸ್ತಿ ಇಟ್ಟಿದೀರಿ. ಪೊದೆಯೊಳಗಿನ ಫೈರ್‌ಫಿಂಚ್ ದನಿ ಸೇರ್ಕೊಂಡಿದೆ. ಮುಂದಿನ ದನಿಯನ್ನಷ್ಟೇ ಹೆಚ್ಚಾಗಿ ಹಿಡಿಯೋ ಶಾಟ್‌ಗನ್ ಮೈಕ್ ಹಾಕಿ.

ಮುಂಜಾವು: ಶಾಟ್‌ಗನ್ನೇ ಸಾರ್ ಇರೋದು.

ಶಬ್ದಗಾರ: ಹಾಗಾದ್ರೆ ದನಿ ಹಿಂಡಿ ಚಿಕ್ಕದು ಮಾಡೋ ಎಂಪಿ3 ಫೈಲ್‌ದೇ ತೊಂದರೆ. ಹಿಂಡದ ವೇವ್ ಫೈಲ್‌ನಲ್ಲಿ ರೆಕಾರ್ಡ್ ಮಾಡಿ.

ಹಳೇರೀಲು: ಹಕ್ಕಿ ಗುರುತಿಸೋಕೆ ಒಳ್ಳೆ ಗುಣಮಟ್ಟದ ಎಂಪಿ3 ಧಾರಾಳ ಸಾಕು. ಹೊಸಬರನ್ನ ಸುಮ್ನೆ ಹೆದರಿಸ್ಬೇಡಿ.



ಕರಾವಳಿ_ಕಿವಿ: ಊರು ಯಾವುದು? ಕಾಲಿನ ಬಣ್ಣ?

ಮುಂಜಾವು: ಜಾಂಬಿಯಾದ ಲುಸಾಕಾ, ಮನೆ ಕಾಂಪೌಂಡ್. ಕಾಲು ಕಿತ್ತಳೆಗೆಂಪು, ಕೊಕ್ಕೂ ಕೆಂಪು. ಅದಕ್ಕೂ ಮೈಕಿಗೂ ಏನು ಸಂಬಂಧ?

ಕರಾವಳಿ_ಕಿವಿ: ನಿಮ್ಮ ಮೈಕ್ ಚೆನ್ನಾಗೇ ಇದೆ. ಅದು ವಿಲೇಜ್ ಇಂಡಿಗೋಬರ್ಡ್, ಸಂತಾನ ಕಾಲದ ಗಂಡು. ಇದರ ಹೆಣ್ಣು, ಫೈರ್‌ಫಿಂಚ್‌ನ ಗೂಡಲ್ಲಿ ಮೊಟ್ಟೆ ಇಡುತ್ತೆ. ಮರಿಯ ಬಾಯೊಳಗಿನ ಚುಕ್ಕೆಗಳೂ ಫೈರ್‌ಫಿಂಚ್ ಮರಿಯದನ್ನೇ ಹೋಲುತ್ತವೆ, ಸಾಕುತಾಯಿ ಭೇದ ಮಾಡದೆ ಉಣಿಸ್ತಾಳೆ. ಅಲ್ಲಿ ಕೇಳಿ ಕಲಿತ ಹಾಡನ್ನೇ ಗಂಡು ದೊಡ್ಡದಾದ ಮೇಲೆ ಹಾಡೋದು. ಅದೇ ಜಾತಿ ಗೂಡಲ್ಲಿ ಬೆಳೆದ ಹೆಣ್ಣು ಆ ಹಾಡಿಗೇ ಒಲಿಯುತ್ತೆ.

ಹಳೇರೀಲು: ಒಪ್ಪಲ್ಲ. ನಮ್ಮ ಕೋಗಿಲೆ ಕಾಗೆ ಗೂಡಲ್ಲೇ ಬೆಳೆಯುತ್ತೆ, ಕಾ ಕಾ ಅನ್ನುತ್ತಾ?

ಕರಾವಳಿ_ಕಿವಿ: ಕೋಗಿಲೆಗೆ ಕೂಗು ಹುಟ್ಟಿನಿಂದ ಬರೋದು, ಇವು ಕಲೀತವೆ. ಮಿಷಿಗನ್ ವಿಶ್ವವಿದ್ಯಾಲಯದ ರಾಬರ್ಟ್ ಪೇನ್ ಮತ್ತು ಜೊತೆಗಾರರು ಇಂಡಿಗೋಬರ್ಡ್ ಮರಿಗಳನ್ನ ಬೆಂಗಾಲೀಸ್ ಫಿಂಚ್‌ಗಳ ಕೈಲಿ ಸಾಕಿಸಿದ್ರು. ನಮ್ಮಲ್ಲಿರೋ ಬಿಳಿಬೆನ್ನಿನ ಮುನಿಯಾ ಪ್ರಭೇದದ್ದೇ ಸಾಕುತಳಿ ಅದು. ಗಂಡುಗಳು ಬೆಂಗಾಲೀಸ್ ಹಾಡು ಹಾಡಿದ್ವು. ಹೆಣ್ಣುಗಳು ಬೆಂಗಾಲೀಸ್ ಗೂಡನ್ನೇ ಹುಡುಕಿ ಮೊಟ್ಟೆ ಇಟ್ವು. 2000ದಲ್ಲಿ ಪ್ರಕಟವಾದ ಕೆಲಸ. ನನ್ನ ಪ್ರಕಾರ ಹಕ್ಕಿಗಳ ಹಾಡಿನ ಬಗ್ಗೆ ಇದಕ್ಕಿಂತ ಸೊಗಸಾದ ಪ್ರಯೋಗ ಕಮ್ಮಿ.

ಹಳೇರೀಲು: ಪಂಜರದ ಕಥೆ ಬೇರೆ, ಕಾಡಿನ ಕಥೆ ಬೇರೆ.

ಕರಾವಳಿ_ಕಿವಿ: ಕಾಡಲ್ಲೂ ಒಂದೊಂದು ಜಾತಿ ಇಂಡಿಗೋಬರ್ಡ್ ತನ್ನನ್ನ ಸಾಕಿದ ಹಕ್ಕಿಯ ಹಾಡು ಹಾಡುತ್ತೆ. ಪರ್ಪಲ್ ಇಂಡಿಗೋಬರ್ಡ್ ಹಾಡೋದು ಜೇಮ್ಸನ್ಸ್ ಅನ್ನೋ ಇನ್ನೊಂದು ಜಾತಿ ಫೈರ್‌ಫಿಂಚ್‌ದು, ಅದರ ಕಾಲು ಬಿಳಿಚು. ಅದಕ್ಕೇ ನಾನು ಕಾಲು ಕೇಳಿದ್ದು. @ಮುಂಜಾವು, ಕ್ಲಿಪ್ ಕತ್ತರಿಸದೆ ಉದ್ದಕ್ಕೆ ರೆಕಾರ್ಡ್ ಮಾಡಿ. ನಡುನಡುವೆ ಅದರದ್ದೇ ಚರಚರ ಸದ್ದು ಬರುತ್ತೆ, ಫೈರ್‌ಫಿಂಚ್‌ಗೆ ಅದಿಲ್ಲ.

ಮುಂಜಾವು: ಕೇಳಿಸ್ತು! ಅದನ್ನ ಗಲಾಟೆ ಅಂತ ಪ್ರತಿ ಸಲ ಕತ್ತರಿಸ್ತಿದ್ದೆ. ಇನ್ನೊಂದು ವಿಷಯ, ನಮ್ಮ ಹುಲ್ಲುಚಾವಣೀಲಿ ಫೈರ್‌ಫಿಂಚ್ ಗೂಡಿದೆ. ಇಂಡಿಗೋಬರ್ಡ್ ಮರಿ ಫೈರ್‌ಫಿಂಚ್ ಮರಿಗಳನ್ನ ಕೊಲ್ಲುತ್ತಾ? ಎತ್ತಿ ಹಾಕ್ಲಾ?

ಕರಾವಳಿ_ಕಿವಿ: ದಯವಿಟ್ಟು ಮುಟ್ಟಬೇಡಿ. ಹೀಗೇ ಬೇರೆ ಹಕ್ಕಿ ಗೂಡಲ್ಲಿ ಬೆಳೆಯೋ ಹನಿಗೈಡ್ ಅನ್ನೋ ಹಕ್ಕಿಯ ಮರಿ, ಗೂಡಿನ ಉಳಿದ ಮರಿಗಳನ್ನ ಕೊಕ್ಕಿನಿಂದ ಕಚ್ಚಿ ಸಾಯಿಸುತ್ತೆ, ಇಂಡಿಗೋಬರ್ಡ್ ಹಾಗಲ್ಲ. ಎಲ್ಲವೂ ಒಟ್ಟಿಗೇ ಬೆಳೀತವೆ.

ಶಬ್ದಗಾರ: ಉದ್ದದ ರೆಕಾರ್ಡಿಂಗ್ ಹಾಕೋದಾದ್ರೆ ವೇವ್ ಫೈಲೇ ಹಾಕಿ.

ಹಳೇರೀಲು: ಮತ್ತೆ ಶುರುವಾಯ್ತು.