ಡೆಕ್‌ನೆಟ್: ಪೈಗೆ ವ್ಯಾಕ್ಸ್ ಕಾಣುತ್ತೆ, ವ್ಯಾಕ್ಸ್‌ಗೆ ಪೈ ಕಾಣಲ್ಲ (ಪರಿಹಾರ ಸಿಕ್ಕಿದೆ)

ಮೈಸೂರು_ವ್ಯಾಕ್ಸ್:

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಒಂದೇ ಕಡೆ ಸಿಕ್ಕಿಕೊಂಡಿದ್ದೇನೆ. ಗೊತ್ತಿರುವವರು ದಾರಿ ತೋರಿಸಿ.

ನನ್ನ ಹತ್ತಿರ ಒಂದು ವ್ಯಾಕ್ಸ್‌ಸ್ಟೇಷನ್ 3100 ಇದೆ. ಡಿಜಿಟಲ್ (ಡೆಕ್) ಕಂಪನಿ 1989ರಲ್ಲಿ ಹೊರತಂದ ವ್ಯಾಕ್ಸ್ ಕಂಪ್ಯೂಟರ್ ಮಾದರಿ. ಅಪ್ಪ ಕೆಲಸ ಮಾಡುತ್ತಿದ್ದ ಪ್ರಯೋಗಾಲಯದಲ್ಲಿ ಇದನ್ನು ಹರಾಜಿಗೆ ಹಾಕಿದಾಗ, ಗುಜರಿಗೆ ಹೋಗಬಾರದು ಅಂತ ಅವರೇ ಕೊಂಡು ತಂದರು. ಇಪ್ಪತ್ತು ವರ್ಷ ಅಟ್ಟದ ಮೇಲೆ ಕೂತಿತ್ತು. ಪವರ್ ಸಪ್ಲೈನ ಕೆಪಾಸಿಟರ್‌ಗಳನ್ನು ಬದಲಾಯಿಸಿ, ಹಳೇ ಸ್ಕಸಿ ಡಿಸ್ಕ್ ಜಾಗಕ್ಕೆ ಎಸ್‌ಡಿ ಕಾರ್ಡ್ ಬೋರ್ಡ್ ಹಾಕಿದ ಮೇಲೆ ಈಗ ಅದರ ಆಪರೇಟಿಂಗ್ ಸಿಸ್ಟಂ ವಿಎಂಎಸ್ 5.5-2 ಚೆನ್ನಾಗಿ ಬೂಟ್ ಆಗುತ್ತದೆ. ಗಡಿಯಾರದ ಬ್ಯಾಟರಿ ಸತ್ತಿದೆ, ಪ್ರತಿ ಸಲ ತಾರೀಖು ಕೇಳುತ್ತೆ, ಅಷ್ಟೇ.

ಇದನ್ನು ಹೆಕ್‌ನೆಟ್‌ಗೆ ಸೇರಿಸಬೇಕು ಅನ್ನೋದು ಆಸೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಹಳೇ ಪಿಡಿಪಿ-11, ವ್ಯಾಕ್ಸ್, ಆಲ್ಫಾ ಯಂತ್ರಗಳನ್ನು ಇಟ್ಟುಕೊಂಡಿರುವ ಹವ್ಯಾಸಿಗಳು ದೇಶದೇಶಗಳಿಂದ ಇಂಟರ್ನೆಟ್ ಮೇಲೆ ಡೆಕ್‌ನೆಟ್ (ಡಿಜಿಟಲ್ ಕಂಪನಿಯ ಸ್ವಂತ ನೆಟ್‌ವರ್ಕ್ ವ್ಯವಸ್ಥೆ) ಕಟ್ಟಿಕೊಂಡಿದ್ದಾರೆ, ಅದೇ ಹೆಕ್‌ನೆಟ್.

ಮೊದಲು ಮನೆಯೊಳಗೇ ಪ್ರಯತ್ನ ಮಾಡಿದೆ. ವಿಳಾಸಗಳನ್ನು ಉದಾಹರಣೆಗೆ ಬದಲಾಯಿಸಿ ಬರೆಯುತ್ತಿದ್ದೇನೆ. ವ್ಯಾಕ್ಸ್ 12.5, ಎಂಡ್‌ನೋಡ್, ಅಂದರೆ ಬೇರೆಯವರ ಪ್ಯಾಕೆಟ್ ಮುಂದೆ ಸಾಗಿಸದ ತುದಿ ಯಂತ್ರ. ಕೇಬಲ್‌ನಲ್ಲಿ ಸ್ವಿಚ್‌ಗೆ ಸೇರಿದೆ. ರಾಸ್ಪ್‌ಬೆರಿ ಪೈ ಮೇಲೆ ಹಳೇ ಯಂತ್ರಗಳನ್ನು ಅನುಕರಿಸುವ ಸಿಮ್‌ಎಚ್ ಪ್ರೋಗ್ರಾಂ, ಅದರಲ್ಲಿ ಆರ್‌ಎಸ್‌ಎಕ್ಸ್-11ಎಂ-ಪ್ಲಸ್ ಆಪರೇಟಿಂಗ್ ಸಿಸ್ಟಂ ಓಡುತ್ತಿರುವ ಪಿಡಿಪಿ-11. ಅದು 12.6, ರೂಟರ್. ಪೈ ಹಾಲ್‌ನಲ್ಲಿದೆ, ವೈಫೈ ಮೇಲೆ.

ಆಶ್ಚರ್ಯ ಏನೆಂದರೆ, ಪಿಡಿಪಿಯಲ್ಲಿ ಪಕ್ಕದ ನೋಡ್‌ಗಳ ಪಟ್ಟಿ ಕೇಳಿದರೆ 12.5 ಇದೆ ಅನ್ನುತ್ತದೆ. ವ್ಯಾಕ್ಸ್‌ನಲ್ಲಿ ಕೇಳಿದರೆ ಯಾರೂ ಇಲ್ಲ, ರೂಟರ್ ಕೂಡ ಇಲ್ಲ. ಎರಡೂ ಕಡೆಯಿಂದ ಲಾಗಿನ್ ಆಗಲ್ಲ. ಪೈನಲ್ಲಿ ಟಿಸಿಪಿಡಂಪ್ (ಪ್ಯಾಕೆಟ್‌ಗಳನ್ನು ತೋರಿಸುವ ಪ್ರೋಗ್ರಾಂ) ಹಾಕಿ ನೋಡಿದೆ, ಪಿಡಿಪಿ ಕಳಿಸುವ ಹಲೋ, ಅಂದರೆ ನಾನಿದ್ದೇನೆ ಅನ್ನುವ ಸಂದೇಶ, ಹೊರಗೆ ಹೋಗುತ್ತಿರುವುದು ಕಾಣುತ್ತದೆ. ಪೈಗೆ ಎಸ್‌ಎಸ್‌ಎಚ್, ಪಿಂಗ್ ಎಲ್ಲ ಸರಿ ಇದೆ. ವ್ಯಾಕ್ಸ್‌ನ ಈಥರ್ನೆಟ್ ಚಿಪ್ ಅರ್ಧ ಸತ್ತಿದೆಯಾ?

ಹುಬ್ಳಿ_8ಬಿಟ್:

ಸರ್, ಮನೆ ರೂಟರ್‌ನಲ್ಲಿ ಫೈರ್‌ವಾಲ್ ಆಫ್ ಮಾಡಿ ನೋಡಿದ್ರಾ? ಪೈಯನ್ನು ಡಿಎಂಝಡ್‌ಗೆ ಹಾಕಿದರೆ ಎಲ್ಲ ಪೋರ್ಟ್ ತೆರೆದುಕೊಳ್ಳುತ್ತೆ.

ಜಯನಗರ_ನೋಡ್:

ಚಿಪ್ ಸತ್ತಿಲ್ಲ, ದಯವಿಟ್ಟು ಬೋರ್ಡ್ ಬಿಚ್ಚಬೇಡಿ. ವ್ಯಾಕ್ಸ್ ಕಳಿಸಿದ್ದು ಪಿಡಿಪಿಗೆ ತಲುಪಿದೆ ಅಂದರೆ ಅದರ ಬಾಯಿ ಚೆನ್ನಾಗಿದೆ. ಕಿವಿಯೂ ಚೆನ್ನಾಗಿಯೇ ಇರಬೇಕು. ಕೇಳಿಸಿಕೊಳ್ಳಲು ಅದರ ತನಕ ಏನೂ ಬರುತ್ತಿಲ್ಲ.

ಹುಬ್ಬಳ್ಳಿಯವರು ಹೇಳಿದ ಫೈರ್‌ವಾಲ್ ಇಲ್ಲಿ ಅಡ್ಡ ಬರಲ್ಲ. ಅದು ನೋಡುವುದು ಐಪಿ ಪ್ಯಾಕೆಟ್‌ಗಳನ್ನು, ಅದರಲ್ಲೂ ಹೊರಗಿನಿಂದ ಬರುವವನ್ನು. ಡೆಕ್‌ನೆಟ್‌ಗೆ ಐಪಿಯೇ ಇಲ್ಲ, ಪೋರ್ಟ್ ಸಂಖ್ಯೆಯೂ ಇಲ್ಲ. ಈಥರ್ನೆಟ್ ಫ್ರೇಮ್ ಮೇಲೆ ನೇರವಾಗಿ ಕೂತು ಹೋಗುತ್ತದೆ, ಅದರ ಈಥರ್‌ಟೈಪ್ (ಫ್ರೇಮ್ ಒಳಗೆ ಯಾವ ಪ್ರೋಟೋಕಾಲ್ ಇದೆ ಅಂತ ಹೇಳುವ ಹೆಕ್ಸ್ ಸಂಖ್ಯೆ) 6003.

ನಿಮ್ಮ ತೊಂದರೆ ವೈಫೈ. ಬರೀ ಕೇಬಲ್ ಹಾಕಿ ಅಂತ ಹೇಳಿ ಮುಗಿಸಬಹುದಿತ್ತು. ಆದರೆ ಕಾರಣ ತಿಳಿದರೆ ಮುಂದಿನ ಹತ್ತು ತೊಂದರೆಗಳನ್ನು ನೀವೇ ಬಿಡಿಸಿಕೊಳ್ಳುತ್ತೀರಿ.

ಐಪಿಯಲ್ಲಿ, ಈ ವಿಳಾಸ ಯಾವ ಕಾರ್ಡ್‌ನದು ಅಂತ ಕೂಗಿ ಕೇಳಲು ಎಆರ್‌ಪಿ ಇದೆ. ಡೆಕ್‌ನೆಟ್ ಫೇಸ್ 4ರಲ್ಲಿ ಅದು ಇಲ್ಲ. ಬದಲಿಗೆ ಡೆಕ್‌ನೆಟ್ ಶುರುವಾಗುವಾಗ ಕಾರ್ಡ್‌ನ ಮ್ಯಾಕ್ ವಿಳಾಸವನ್ನೇ (ಈಥರ್ನೆಟ್‌ನಲ್ಲಿ ಆ ಕಾರ್ಡನ್ನು ಗುರುತಿಸುವ ಸಂಖ್ಯೆ) ಬದಲಾಯಿಸುತ್ತದೆ. ನೋಡ್ ವಿಳಾಸ ಒಟ್ಟು 16 ಬಿಟ್. ಏರಿಯಾಗೆ 6, ನೋಡ್‌ಗೆ 10. ಅದಕ್ಕೇ 63 ಏರಿಯಾ, ಒಂದೊಂದರಲ್ಲಿ 1023 ನೋಡ್ ಅನ್ನೋ ಮಿತಿ. ಏರಿಯಾವನ್ನು 1024ರಿಂದ ಗುಣಿಸಿ ನೋಡ್ ಸಂಖ್ಯೆ ಕೂಡಿಸಿ. ನಿಮ್ಮ 12.6ಕ್ಕೆ 12294 ಬರುತ್ತದೆ. ಹೆಕ್ಸ್‌ನಲ್ಲಿ 3006. ಎರಡು ಬೈಟ್‌ಗಳನ್ನು ಹಿಂದುಮುಂದು ಮಾಡಿ ಎಎ-00-04-00ಕ್ಕೆ ಅಂಟಿಸಿ. ಎಎ-00-04-00-06-30. ಇದೇ ನಿಮ್ಮ ಪಿಡಿಪಿಯ ಹೊಸ ಮ್ಯಾಕ್. ವ್ಯಾಕ್ಸ್‌ನದು 05-30ರಿಂದ ಮುಗಿಯುತ್ತದೆ. ನೋಡ್ ಸಂಖ್ಯೆ ಗೊತ್ತಿದ್ದರೆ ಮ್ಯಾಕ್ ಗೊತ್ತಾಯಿತು, ಯಾರನ್ನೂ ಕೇಳಬೇಕಾಗಿಲ್ಲ. ನನಗೆ ಈಗಲೂ ಇದು ತುಂಬಾ ಚೆಂದದ ಉಪಾಯ ಅನಿಸುತ್ತದೆ.

ಈಗ ವೈಫೈ ಕಡೆ ಬನ್ನಿ. ನಿಮ್ಮ ಪೈ ತನ್ನ ಸ್ವಂತ ಮ್ಯಾಕ್ ಕೊಟ್ಟು, ಪಾಸ್‌ವರ್ಡ್ ಹೇಳಿ ಆಕ್ಸೆಸ್ ಪಾಯಿಂಟ್‌ಗೆ ಸೇರಿಕೊಂಡಿದೆ. ಆಕ್ಸೆಸ್ ಪಾಯಿಂಟ್‌ಗೆ ಗೊತ್ತಿರುವುದು ಆ ಒಂದು ಮ್ಯಾಕ್ ಮಾತ್ರ. ಅದೇ ರೇಡಿಯೋದಿಂದ ಎಎ-00-04-00-06-30 ಅನ್ನುವ ಹೆಸರಲ್ಲಿ ಫ್ರೇಮ್ ಬಂದರೆ, ಇವನು ಯಾರೋ ಬೇರೆಯವನು ಅಂತ ಎಸೆದುಬಿಡುತ್ತದೆ. ವ್ಯಾಕ್ಸ್ ಕಳಿಸುವ ಹಲೋ ಮಲ್ಟಿಕಾಸ್ಟ್. ಅದನ್ನು ಆಕ್ಸೆಸ್ ಪಾಯಿಂಟ್ ಎಲ್ಲರಿಗೂ ಹಂಚುತ್ತದೆ, ಹಾಗಾಗಿ ಪಿಡಿಪಿಗೆ ಕೇಳಿಸುತ್ತದೆ. ಪಿಡಿಪಿಯ ಉತ್ತರ ಮಾತ್ರ ಬಾಗಿಲಲ್ಲೇ ಸಾಯುತ್ತದೆ. ಎಂಡ್‌ನೋಡ್‌ನ ಹಲೋ ಕೇಳಿದ ತಕ್ಷಣ ರೂಟರ್ ಅದನ್ನು ಪಟ್ಟಿಗೆ ಸೇರಿಸಿಕೊಳ್ಳುತ್ತದೆ, ತನ್ನ ಮಾತು ಅದಕ್ಕೆ ತಲುಪಿತಾ ಅಂತ ವಿಚಾರಿಸಲ್ಲ. ಅದಕ್ಕೇ ಈ ಒಂಟಿ ಕಿವಿಯ ಲಕ್ಷಣ.

ಟಿಸಿಪಿಡಂಪ್ ನಿಮಗೆ ಸುಳ್ಳು ಹೇಳಿಲ್ಲ. ಕಳಿಸುವ ಯಂತ್ರದಲ್ಲೇ ಕೂತು ನೋಡಿದರೆ ಫ್ರೇಮ್ ಮನೆ ಬಿಟ್ಟಿದ್ದು ಕಾಣುತ್ತದೆ, ಊರು ಸೇರಿತೋ ಇಲ್ಲವೋ ಕಾಣಲ್ಲ. ಒಂದು ಲ್ಯಾಪ್‌ಟಾಪನ್ನು ಕೇಬಲ್‌ನಲ್ಲಿ ವ್ಯಾಕ್ಸ್ ಇರುವ ಸ್ವಿಚ್‌ಗೆ ಸೇರಿಸಿ, ಅಲ್ಲಿ 6003 ಫಿಲ್ಟರ್ ಹಾಕಿ ಒಂದು ನಿಮಿಷ ನೋಡಿ. ಹಲೋ ಸಾಮಾನ್ಯವಾಗಿ 15 ಸೆಕೆಂಡಿಗೊಂದು. ವ್ಯಾಕ್ಸ್‌ನದು ನಾಲ್ಕು ಸಲ ಕಾಣಬೇಕು, ಪಿಡಿಪಿಯದು ಒಂದೂ ಕಾಣಬಾರದು. ಹಾಗಿದ್ದರೆ ನಾನು ಹೇಳಿದ್ದು ಖಚಿತ. ಆಮೇಲೆ ಪೈಗೆ ಕೇಬಲ್ ಎಳೆಯಿರಿ, ಸಿಮ್‌ಎಚ್‌ನಲ್ಲಿ ಅಟ್ಯಾಚ್ ಮಾಡುವಾಗ ವೈಫೈ ಬದಲು ಈಥರ್ನೆಟ್ ಹೆಸರು ಕೊಡಿ.

ಮೈಸೂರು_ವ್ಯಾಕ್ಸ್:

ಮೇಡಂ, ನೀವು ಹೇಳಿದ ಹಾಗೇ ಆಯಿತು. ಲ್ಯಾಪ್‌ಟಾಪ್‌ನಲ್ಲಿ 05-30 ನಾಲ್ಕು ಸಲ, 06-30 ಸೊನ್ನೆ. ಹಾಲ್‌ನಿಂದ ರೂಮಿಗೆ 15 ಮೀಟರ್ ಕೇಬಲ್ ಎಳೆದೆ. ಒಂದು ನಿಮಿಷದೊಳಗೆ ವ್ಯಾಕ್ಸ್‌ಗೆ ರೂಟರ್ ಸಿಕ್ಕಿತು. ಸೆಟ್ ಹೋಸ್ಟ್ ಕೊಟ್ಟು ವ್ಯಾಕ್ಸ್‌ನಿಂದ ಪಿಡಿಪಿಗೆ ಲಾಗಿನ್ ಆದೆ. ಅಪ್ಪನನ್ನು ಕರೆದು ತೋರಿಸಿದೆ, ಅವರು ಏನೂ ಹೇಳದೆ ಕುರ್ಚಿ ಎಳೆದುಕೊಂಡು ಕೂತು ಡೈರೆಕ್ಟರಿ ಕಮಾಂಡ್ ಕೊಟ್ಟರು. ಬೆರಳು ಮರೆತಿಲ್ಲ.

ಈಗ ಎರಡನೇ ಮೆಟ್ಟಿಲಲ್ಲಿ ಬಿದ್ದೆ. ಹೆಕ್‌ನೆಟ್‌ನವರ ಬ್ರಿಡ್ಜ್ ಪ್ರೋಗ್ರಾಂ ಪೈ ಮೇಲೆ ಹಾಕಿದೆ. ಯುರೋಪ್‌ನಲ್ಲಿರುವ ಒಬ್ಬ ಸದಸ್ಯರು ಅವರ ಕಡೆ ನನ್ನ ವಿಳಾಸ ಸೇರಿಸಿಕೊಂಡರು. ಮನೆ ರೂಟರ್‌ನಲ್ಲಿ 4711ನೇ ಯುಡಿಪಿ ಪೋರ್ಟನ್ನು ಪೈಗೆ ತಿರುಗಿಸಿದೆ. ನನ್ನ ಕಡೆಯಿಂದ ಪ್ಯಾಕೆಟ್ ಹೋಗುತ್ತಿದೆ, ಬರುವುದು ಸೊನ್ನೆ. ಅದೇ ಒಂಟಿ ಕಿವಿ! ಈ ಸಲ ವೈಫೈ ಇಲ್ಲವಲ್ಲ?

ಜಯನಗರ_ನೋಡ್:

ಲಕ್ಷಣ ಅದೇ, ಬಾಗಿಲು ಬೇರೆ. ಮನೆ ರೂಟರ್‌ನ ಪುಟ ತೆರೆದು ಹೊರಗಿನ ಐಪಿ ಏನಿದೆ ನೋಡಿ. 100.64ರಿಂದ 100.127ರ ಒಳಗೆ ಇದ್ದರೆ ಹೇಳಿ.

ಮೈಸೂರು_ವ್ಯಾಕ್ಸ್:

100.81ರಿಂದ ಶುರುವಾಗುತ್ತೆ. ಆದರೆ ನನ್ನ ಐಪಿ ಏನು ಅಂತ ವೆಬ್‌ಸೈಟ್‌ನಲ್ಲಿ ಕೇಳಿದರೆ ಬೇರೆಯೇ ತೋರಿಸುತ್ತೆ. ಅವರಿಗೆ ನಾನು ಕೊಟ್ಟಿದ್ದು ಆ ವೆಬ್‌ಸೈಟ್ ತೋರಿಸಿದ್ದು.

ಜಯನಗರ_ನೋಡ್:

ಸಿಕ್ಕಿತು. ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಐಪಿವಿ4 ವಿಳಾಸಗಳು ಸಾಲದೆ, ಇಂಟರ್ನೆಟ್ ಕೊಡುವವರು ಒಂದು ಹೊರಗಿನ ವಿಳಾಸವನ್ನು ಎಷ್ಟೋ ಮನೆಗಳಿಗೆ ಹಂಚುತ್ತಾರೆ. ನಮ್ಮ ಕಡೆ ಮನೆ ಕನೆಕ್ಷನ್‌ಗಳಲ್ಲಿ ಇದು ಸಾಮಾನ್ಯ. ನೀವು ನಿಮ್ಮ ಮನೆಯ ಬಾಗಿಲು ತೆರೆದಿಟ್ಟಿದ್ದೀರಿ, ಆದರೆ ಅಪಾರ್ಟ್‌ಮೆಂಟಿನ ಗೇಟ್ ನಿಮ್ಮ ಕೈಯಲ್ಲಿಲ್ಲ.

ಬ್ರಿಡ್ಜ್ ಈಥರ್ನೆಟ್ ಫ್ರೇಮ್‌ಗಳನ್ನು ಯುಡಿಪಿ ಒಳಗೆ ಸುತ್ತಿ ಕಳಿಸುತ್ತದೆ. ಯಾವ ಐಪಿ, ಯಾವ ಪೋರ್ಟ್‌ನಿಂದ ಬಂತು ಅಂತ ಆ ತುದಿಯವರು ಪಟ್ಟಿಗೆ ಹೋಲಿಸಿ ನೋಡಿಯೇ ಒಳಗೆ ಬಿಡುತ್ತಾರೆ. ಇರಲೇಬೇಕಾದ ಎಚ್ಚರ ಅದು, ಇಲ್ಲದಿದ್ದರೆ ಯಾರು ಬೇಕಾದರೂ ಫ್ರೇಮ್ ತುರುಕಬಹುದು. ಸಿಜಿನ್ಯಾಟ್ ದಾಟುವಾಗ ನಿಮ್ಮ 4711 ಇನ್ನೊಂದು ಸಂಖ್ಯೆಯಾಗುತ್ತದೆ. ಅವರ ಪಟ್ಟಿಯಲ್ಲಿ ಅದು ಇಲ್ಲ, ಬಿದ್ದುಹೋಗುತ್ತದೆ. ಅವರು 4711ಕ್ಕೆ ಕಳಿಸಿದ್ದು ಗೇಟ್‌ನಲ್ಲೇ ನಿಲ್ಲುತ್ತದೆ.

ದುಡ್ಡು ಕೊಟ್ಟು ಸ್ಟ್ಯಾಟಿಕ್ ಐಪಿ ತಗೊಂಡರೆ ಸರಿಹೋಗುತ್ತದೆ. ನಾನಾದರೆ ಹಾಗೆ ಮಾಡಲ್ಲ. ಬ್ರಿಡ್ಜ್ ಬಿಟ್ಟು ಪೈಡೆಕ್‌ನೆಟ್ ಹಾಕಿ. ಪಾಲ್ ಕೋನಿಂಗ್ ಅವರು ಪೈಥಾನ್‌ನಲ್ಲಿ ಬರೆದ ಡೆಕ್‌ನೆಟ್ ರೂಟರ್ ಅದು. ಡಿಜಿಟಲ್‌ನಲ್ಲೇ ಇದರ ಕೆಲಸ ಮಾಡಿದವರು. ಲಿನಕ್ಸ್ ಕರ್ನಲ್ 6.1ರಲ್ಲಿ ಡೆಕ್‌ನೆಟ್ ತೆಗೆದುಹಾಕಿದರಲ್ಲ, ಇದಕ್ಕೆ ಅದರ ಅಗತ್ಯವೇ ಇಲ್ಲ. ಇದರಲ್ಲಿ ಮಲ್ಟಿನೆಟ್ ಅನ್ನೋ ಬಗೆಯ ಸರ್ಕ್ಯೂಟ್ ಇದೆ, ಟಿಸಿಪಿ ಮೇಲೆ ನಡೆಯುತ್ತದೆ. ನೀವು ಕನೆಕ್ಟ್ ಮಾಡುವ ಕಡೆ ಇರಿ, ಅವರು ಕೇಳಿಸಿಕೊಳ್ಳುವ ಕಡೆ ಇರಲಿ. ಒಳಗಿನಿಂದ ಹೊರಗೆ ಹೋದ ಟಿಸಿಪಿ ಸಂಪರ್ಕವನ್ನು ಸಿಜಿನ್ಯಾಟ್ ತಡೆಯಲ್ಲ, ಉತ್ತರ ಅದೇ ದಾರಿಯಲ್ಲಿ ವಾಪಸ್ ಬರುತ್ತದೆ.

ಒಂದು ಜಾಗದಲ್ಲಿ ಎಚ್ಚರ. ಸಿಮ್‌ಎಚ್ ಮತ್ತು ಪೈಡೆಕ್‌ನೆಟ್ ಒಂದೇ ಪೈ ಮೇಲೆ ಇರುವಾಗ ಇಬ್ಬರಿಗೂ ಒಂದೇ ಕಾರ್ಡ್ ಕೊಟ್ಟು ತಲೆ ಕೆಡಿಸಿಕೊಳ್ಳಬೇಡಿ. ಒಂದೊಂದಕ್ಕೂ ಒಂದು ಟ್ಯಾಪ್ (ಲಿನಕ್ಸ್ ಒಳಗಿನ ಕಾಲ್ಪನಿಕ ನೆಟ್‌ವರ್ಕ್ ಕಾರ್ಡ್) ಮಾಡಿ, ಟ್ಯಾಪ್‌ಗಳನ್ನೂ ಕಾರ್ಡನ್ನೂ ಲಿನಕ್ಸ್ ಬ್ರಿಡ್ಜ್‌ಗೆ ಸೇರಿಸಿ. ಪೈಡೆಕ್‌ನೆಟ್‌ಗೆ ಬೇರೆಯೇ ನೋಡ್ ಸಂಖ್ಯೆ ಬೇಕು, 12.1 ಅಂತಿಟ್ಟುಕೊಳ್ಳಿ. 12.6ನ್ನೇ ಕೊಟ್ಟರೆ ಒಂದೇ ಮ್ಯಾಕ್‌ನವರು ಇಬ್ಬರಾಗುತ್ತಾರೆ. ಇನ್ನೊಂದು ಏರಿಯಾಗೆ ದಾಟಬೇಕಾದ್ದರಿಂದ ಅದನ್ನು ಲೆವೆಲ್ 2 ರೂಟರ್ ಮಾಡಿ.

ಹುಬ್ಳಿ_8ಬಿಟ್:

ಮೇಡಂ, ಈ ಸಿಜಿನ್ಯಾಟ್ ವಿಷಯ ನನಗೂ ಉಪಯೋಗವಾಯಿತು. ನಮ್ಮ ಬುಲೆಟಿನ್ ಬೋರ್ಡ್‌ಗೆ ಹೊರಗಿನವರು ಯಾಕೆ ಬರೋಕಾಗಲ್ಲ ಅಂತ ಆರು ತಿಂಗಳಿಂದ ಹುಡುಕುತ್ತಿದ್ದೆ. ಧನ್ಯವಾದ.

ಮೈಸೂರು_ವ್ಯಾಕ್ಸ್:

ಶನಿವಾರ ರಾತ್ರಿ 11ಕ್ಕೆ ಸರ್ಕ್ಯೂಟ್ ಮೇಲೆದ್ದಿತು! ವ್ಯಾಕ್ಸ್‌ನಲ್ಲಿ ಡೆಕ್‌ನೆಟ್ ಹೊಂದಿಸುವ ಎನ್‌ಸಿಪಿ ಪ್ರೋಗ್ರಾಂ ತೆರೆದು, ಹೆಕ್‌ನೆಟ್‌ನ 1.13 ನೋಡ್‌ಗೆ ಮಿಮ್ ಅಂತ ಹೆಸರು ಕೊಟ್ಟು ಸೆಟ್ ಹೋಸ್ಟ್ ಮಿಮ್ ಹೊಡೆದೆ. ಆ ಕಡೆಯ ಆರ್‌ಎಸ್‌ಎಕ್ಸ್ ಮಾತಾಡಿತು. 35 ವರ್ಷ ದಾಟಿದ ಡಬ್ಬ ಮೈಸೂರಿನಿಂದ ಅಷ್ಟು ದೂರ ಹೋಗಿ ಬಂತು. ಬೇಕಾದ ಹತ್ತಿಪ್ಪತ್ತು ನೋಡ್‌ಗಳ ಹೆಸರನ್ನೂ ಹಾಕಿಕೊಂಡೆ. ಖುಷಿಗೆ ನಿದ್ದೆ ಬರಲಿಲ್ಲ.

ಭಾನುವಾರ ಮಧ್ಯಾಹ್ನ ಕರೆಂಟ್ ಹೋಯಿತು. ಬಂದ ಮೇಲೆ ವ್ಯಾಕ್ಸ್ ಬೂಟ್ ಆಗಿ, ತಾರೀಖು ಕೊಟ್ಟ ಮೇಲೆ ನೋಡಿದರೆ ಒಂದು ಹೆಸರೂ ಇಲ್ಲ. ಮಿಮ್ ಯಾರು ಅಂತ ನನ್ನನ್ನೇ ಕೇಳುತ್ತಿದೆ. ಎಸ್‌ಡಿ ಕಾರ್ಡ್ ಕೆಟ್ಟಿತಾ?

ಜಯನಗರ_ನೋಡ್:

ಕಾರ್ಡ್ ಕೆಟ್ಟಿಲ್ಲ. ಎನ್‌ಸಿಪಿಯಲ್ಲಿ ಸೆಟ್ ನೋಡ್ ಅಂತ ಕೊಟ್ಟಿದ್ದೀರಿ ಅಲ್ವಾ? ಸೆಟ್ ಮಾಡಿದ್ದು ಓಡುತ್ತಿರುವ ನೆನಪಿನಲ್ಲಿ ಮಾತ್ರ ಇರುತ್ತದೆ. ಡಿಸ್ಕ್‌ನಲ್ಲಿ ಉಳಿಯಬೇಕಾದರೆ ಡಿಫೈನ್ ಅಂತ ಕೊಡಬೇಕು. ಡಿಫೈನ್ ಮಾತ್ರ ಕೊಟ್ಟರೆ ಈಗಲೇ ಕೆಲಸಕ್ಕೆ ಬರಲ್ಲ, ಮುಂದಿನ ಬೂಟ್‌ಗೆ ಬರುತ್ತದೆ. ಅದಕ್ಕೆ ಎರಡನ್ನೂ ಕೊಡುವುದು ರೂಢಿ. ಹೆಸರುಗಳನ್ನೆಲ್ಲ ಒಂದು ಕಮಾಂಡ್ ಫೈಲ್‌ನಲ್ಲಿ ಬರೆದಿಡಿ, ಸುಮ್ನೆ ಮತ್ತೆ ಮತ್ತೆ ಟೈಪ್ ಮಾಡಬೇಡಿ.

ಹಾಗೇ ಸ್ಟಾರ್ಟಪ್ ಫೈಲನ್ನೂ ಒಮ್ಮೆ ನೋಡಿ. ಡೆಕ್‌ನೆಟ್ ಮೊದಲು, ಲ್ಯಾಟ್ (ಡಿಜಿಟಲ್‌ನ ಟರ್ಮಿನಲ್ ಪ್ರೋಟೋಕಾಲ್) ಮತ್ತು ಟಿಸಿಪಿ ಐಪಿ ಆಮೇಲೆ. ಬೇರೆ ಯಾರಾದರೂ ಕಾರ್ಡ್ ಹಿಡಿದುಕೊಂಡ ಮೇಲೆ ಮ್ಯಾಕ್ ಬದಲಾಯಿಸಲು ಆಗಲ್ಲ, ಡೆಕ್‌ನೆಟ್ ಎದ್ದೇಳಲ್ಲ. 1990ರ ದಶಕದಲ್ಲಿ ನಾನು ವ್ಯಾಕ್ಸ್‌ಗಳನ್ನು ನೋಡಿಕೊಳ್ಳುತ್ತಿದ್ದಾಗ ಈ ಒಂದು ಸಾಲು ಕೆಳಗೆ ಹೋಗಿದ್ದಕ್ಕೆ ಇಡೀ ರಾತ್ರಿ ಮೆಷಿನ್ ರೂಮಿನಲ್ಲಿ ಕಳೆದಿದ್ದೆ. ಎಸಿಯ ಚಳಿ ಇನ್ನೂ ನೆನಪಿದೆ.

ಆ ಯಂತ್ರಕ್ಕೆ ಒಂದು ಯುಪಿಎಸ್ ಕೊಡಿಸಿ. ಹಳೇ ಪವರ್ ಸಪ್ಲೈಗೆ ಪದೇಪದೇ ಹೋಗಿ ಬರುವ ಕರೆಂಟ್ ಒಳ್ಳೆಯದಲ್ಲ.

ಮೈಸೂರು_ವ್ಯಾಕ್ಸ್:

ಡಿಫೈನ್ ಮಾಡಿ, ಬೇಕಂತಲೇ ಆಫ್ ಮಾಡಿ ಆನ್ ಮಾಡಿದೆ. ಹೆಸರುಗಳು ಉಳಿದಿವೆ. ಸ್ಟಾರ್ಟಪ್‌ನಲ್ಲಿ ಕ್ರಮ ಸರಿಯಾಗಿಯೇ ಇತ್ತು, ಅಪ್ಪ ಆ ಕಾಲದಲ್ಲೇ ಪಕ್ಕದಲ್ಲಿ ಟಿಪ್ಪಣಿ ಬರೆದಿಟ್ಟಿದ್ದಾರೆ. ಶೀರ್ಷಿಕೆಯಲ್ಲಿ ಪರಿಹಾರ ಸಿಕ್ಕಿದೆ ಅಂತ ಹಾಕುತ್ತಿದ್ದೇನೆ.

ಮೇಡಂ, ನಿಮ್ಮ ಕಡೆ ಇರುವುದೂ ವಿಎಂಎಸ್ ತಾನೇ? ಅಪ್ಪ ಕೇಳುತ್ತಿದ್ದಾರೆ, ಫೋನ್ ಪ್ರೋಗ್ರಾಂ ಡೆಕ್‌ನೆಟ್ ಮೇಲೆ ಇನ್ನೂ ನಡೆಯುತ್ತಾ ಅಂತ.

ಜಯನಗರ_ನೋಡ್:

ನಡೆಯುತ್ತದೆ. ನನ್ನ ನೋಡ್ ಸಂಖ್ಯೆಯನ್ನು ಖಾಸಗಿ ಮೆಸೇಜ್‌ನಲ್ಲಿ ಕಳಿಸಿದ್ದೇನೆ, ಅದನ್ನೂ ಡಿಫೈನ್ ಮಾಡಿಕೊಳ್ಳಿ. ಇವತ್ತು ರಾತ್ರಿ 9 ಗಂಟೆಗೆ ಲಾಗಿನ್ ಆಗಿರುತ್ತೇನೆ. ಪರದೆ ಎರಡು ಭಾಗ ಆಗುತ್ತದೆ, ಮೇಲೆ ನೀವು ಬರೆದಿದ್ದು, ಕೆಳಗೆ ನಾನು ಬರೆದಿದ್ದು, ಒಂದೊಂದೇ ಅಕ್ಷರವಾಗಿ ಬರುತ್ತದೆ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು, ಆ ಟರ್ಮಿನಲ್‌ಗೆ ನಮ್ಮ ಲಿಪಿ ಗೊತ್ತಿಲ್ಲ. ಅಪ್ಪನವರನ್ನೇ ಕೀಬೋರ್ಡ್ ಮುಂದೆ ಕೂರಿಸಿ.